ಕೂಗಿದವರು, ಕಾದಿಟ್ಟವರು

ಹಾಡಿ ಮುಗಿದ ಹಾಡು ಎಲ್ಲಿಗೆ ಹೋಗುತ್ತದೆ? ದೊರೆಗಳ ದಾನಧರ್ಮಗಳಿಗೆ ಕಲ್ಲಿನ ಶಾಸನ ಉಂಟು. ಪಂಡಿತರ ಮಾತಿಗೆ ಓಲೆಗರಿ ಉಂಟು. ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಕರಗುವ ಹಾಡಿಗೆ ಮಾತ್ರ ಬಹುಕಾಲ ಕೇಳಿದವರ ನೆನಪೊಂದೇ ಆಸರೆಯಾಗಿತ್ತು. ಟೇಪ್ ರಿಕಾರ್ಡರು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಆದರೆ ಅದನ್ನು ಬದಲಾಯಿಸಿದವರು ಯಾರು ಎಂದು ಕೇಳಿದರೆ ಬರುವ ಉತ್ತರ ನಾವು ನಿರೀಕ್ಷಿಸುವಂಥದಲ್ಲ.

ಇಪ್ಪತ್ತನೆಯ ಶತಮಾನದ ಅತ್ಯಂತ ಹೆಸರಾದ ಗಾಯಕವೃಂದ ಬೀಟಲ್ಸ್‌ನ ಕಥೆಯನ್ನೇ ನೋಡೋಣ. ಲಿವರ್‌ಪೂಲಿನ ಈ ನಾಲ್ವರು ತರುಣರ ಹಾಡುಗಳನ್ನು ಮುದ್ರಿಸಲು ದೊಡ್ಡ ಕಂಪನಿಯಿತ್ತು. ಪ್ರಸಾರ ಮಾಡಲು ಬಿ.ಬಿ.ಸಿ.ಯಂಥ ಸಂಸ್ಥೆಯಿತ್ತು. ಆದರೂ ಅವರ ಚರಿತ್ರೆಯ ಎಷ್ಟೋ ಪುಟಗಳು ಇಂದು ಉಳಿದಿರುವುದು ಶಾಲೆಯ ಹುಡುಗರು, ಟೈಪಿಸ್ಟ್ ಹುಡುಗಿಯರು, ಮನೆಯ ರೇಡಿಯೋದ ಮುಂದೆ ಕುಳಿತ ಅನಾಮಧೇಯ ಶ್ರೋತೃಗಳು ಅವನ್ನು ಜತನವಾಗಿ ಕಾದಿಟ್ಟದ್ದರಿಂದ. ವಿಚಿತ್ರವೆಂದರೆ, ಆ ಹಾಡು ಯಾರ ಕಿವಿಗೂ ಬೀಳದಂತೆ ಮಾಡಿದವರೂ ಆ ಅಭಿಮಾನಿಗಳೇ. ಒಂದೇ ಪ್ರೀತಿಯ ಎರಡು ಮುಖಗಳಿವು.

ಕಥೆ ಆರಂಭವಾಗುವುದು ೧೯೫೭ರ ಜುಲೈ ೬ರ ಶನಿವಾರ, ಲಿವರ್‌ಪೂಲಿನ ವೂಲ್ಟನ್ ಬಡಾವಣೆಯ ಚರ್ಚಿನ ಜಾತ್ರೆಯಲ್ಲಿ. ಹದಿನಾರು ವರ್ಷದ ಜಾನ್ ಲೆನನ್ ತನ್ನ ಗೆಳೆಯರೊಡನೆ ‘ಕ್ವಾರಿಮೆನ್’ ಎಂಬ ಮೇಳ ಕಟ್ಟಿಕೊಂಡು ಅಲ್ಲಿ ಹಾಡಿದ. ಹದಿನೈದು ವರ್ಷದ ಪಾಲ್ ಮೆಕಾರ್ಟ್ನಿಗೂ ಅವನಿಗೂ ಮೊದಲ ಪರಿಚಯವಾದದ್ದು ಅದೇ ದಿನ. ಅಂದು ಸಂಜೆ ಚರ್ಚಿನ ಸಭಾಂಗಣಕ್ಕೆ ಊರಿನ ತರುಣನೊಬ್ಬ ತನ್ನ ಗ್ರುಂಡಿಗ್ ಟೇಪ್ ರಿಕಾರ್ಡರನ್ನು ಹೊತ್ತು ತಂದಿದ್ದ. ಮುಂದೆ ಜಗತ್ತು ಈ ಹುಡುಗರ ಹೆಸರು ಹೇಳುತ್ತದೆ ಎಂದು ಅವನಿಗೇನು ಕನಸು ಬಿದ್ದಿತ್ತೇ? ಹೊಸ ಯಂತ್ರದ ಮೋಜು, ಅಷ್ಟೆ. ಆ ಸುರುಳಿ ಮೂವತ್ತೇಳು ವರ್ಷ ಉಳಿಯಿತು. ೧೯೯೪ರಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಇ.ಎಂ.ಐ. ಕಂಪನಿ ಅದನ್ನು ೭೮,೫೦೦ ಪೌಂಡು ಕೊಟ್ಟು ಕೊಂಡುಕೊಂಡಿತು.

ಮರುವರ್ಷ, ೧೯೫೮ರಲ್ಲಿ, ಹುಡುಗರು ಕೈಯಿಂದ ದುಡ್ಡು ಹಾಕಿ ಊರಿನ ಒಂದು ಪುಟ್ಟ ಸ್ಟುಡಿಯೋದಲ್ಲಿ ಎರಡು ಹಾಡುಗಳ ಒಂದು ರಿಕಾರ್ಡು ಮಾಡಿಸಿದರು. ಇದ್ದದ್ದು ಒಂದೇ ಪ್ರತಿ. ಒಬ್ಬೊಬ್ಬರು ಒಂದೊಂದು ವಾರ ಇಟ್ಟುಕೊಳ್ಳುವುದೆಂದು ಒಪ್ಪಂದ. ಸರದಿ ಪಿಯಾನೋ ನುಡಿಸುತ್ತಿದ್ದ ಗೆಳೆಯನ ಬಳಿಗೆ ಬಂದಾಗ ಅಲ್ಲೇ ನಿಂತುಬಿಟ್ಟಿತು. ಅವನ ‘ವಾರ’ ಇಪ್ಪತ್ತು ವರ್ಷಕ್ಕೂ ಮೀರಿ ನಡೆಯಿತು! ೧೯೮೧ರಲ್ಲಿ ಮೆಕಾರ್ಟ್ನಿ ಅದನ್ನು ಕೊಂಡುಕೊಂಡರು. ಲೋಕ ಅದನ್ನು ಕೇಳಿದ್ದು ೧೯೯೫ರಲ್ಲಿ. ಮರೆತು ಇಟ್ಟುಕೊಂಡದ್ದೂ ಒಮ್ಮೊಮ್ಮೆ ಕಾದಿಟ್ಟದ್ದಕ್ಕೆ ಸಮನಾಗುತ್ತದೆ.

ಇನ್ನು ಅಭಿಮಾನಿ ಸಂಘದ ವಿಷಯ. ಲಿವರ್‌ಪೂಲಿನ ಮ್ಯಾಥ್ಯೂ ಬೀದಿಯಲ್ಲಿ ‘ಕ್ಯಾವರ್ನ್’ ಎಂಬ ನೆಲಮಾಳಿಗೆ. ಒಂದು ಕಾಲದಲ್ಲಿ ಅದು ಹಣ್ಣಿನ ಉಗ್ರಾಣ. ೧೯೬೧ರಿಂದ ೧೯೬೩ರ ಆಗಸ್ಟಿನವರೆಗೆ ಬೀಟಲ್ಸ್ ಅಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಹಾಡಿದರು. ಮಧ್ಯಾಹ್ನದ ಬಿಡುವಿನಲ್ಲಿ ಕಚೇರಿಯ ನೌಕರರು ಅಲ್ಲಿಗೆ ಬಂದು ಹಾಡು ಕೇಳಿ ಮತ್ತೆ ಮೇಜಿಗೆ ಮರಳುತ್ತಿದ್ದರು. ಅವರಲ್ಲಿ ಫ್ರೀಡಾ ಕೆಲ್ಲಿ ಎಂಬ ಟೈಪಿಸ್ಟ್ ಒಬ್ಬಳು. ವೃಂದದ ವ್ಯವಸ್ಥಾಪಕ ಬ್ರಯನ್ ಎಪ್ಸ್ಟೀನ್ ೧೯೬೨ರಲ್ಲಿ ಹದಿನೇಳು ವರ್ಷದ ಆಕೆಯನ್ನು ಕೆಲಸಕ್ಕೆ ಸೇರಿಸಿಕೊಂಡ. ಸಂಘದ ಹೊಣೆ ವಹಿಸಿಕೊಂಡಾಗ ಆಕೆ ಮುಗ್ಧತೆಯಿಂದ ತನ್ನ ಮನೆಯ ವಿಳಾಸವನ್ನೇ ಕೊಟ್ಟುಬಿಟ್ಟಳು. ಕಾಗದಗಳು ಮೊದಲು ಹತ್ತಾರು, ಆಮೇಲೆ ನೂರಾರು, ಕಡೆಗೆ ಮೂಟೆ ಮೂಟೆ. ಆ ಮನೆಯ ಯಜಮಾನನಿಗೆ ತನಗೆ ಬಂದ ಬಿಲ್ಲುಗಳು ಯಾವ ಮೂಟೆಯಲ್ಲಿವೆ ಎಂದು ಹುಡುಕುವ ಪಾಡು!

ಒಬ್ಬಳಿಗೆ ಕೂದಲೆಳೆ ಬೇಕು, ಇನ್ನೊಬ್ಬಳಿಗೆ ರುಜು. ಮತ್ತೊಬ್ಬಳು ದಿಂಬಿನ ಗವಸು ಕಳಿಸಿ, ರಿಂಗೊ ಒಂದು ರಾತ್ರಿ ಇದರ ಮೇಲೆ ಮಲಗಿ ವಾಪಸು ಕಳಿಸಲಿ ಎಂದು ಬೇಡಿಕೊಂಡಳು. ಫ್ರೀಡಾ ಆ ಗವಸನ್ನು ರಿಂಗೊನ ತಾಯಿಗೆ ಒಪ್ಪಿಸಿ ಕೋರಿಕೆಯನ್ನು ನಡೆಸಿಕೊಟ್ಟಳು. ಯಾರದೋ ಕೂದಲನ್ನು ಲಕೋಟೆಗೆ ಹಾಕಿ ಕಳಿಸಿದರೆ ಕೇಳುವವರಾರು? ಆದರೆ ಆಕೆ ಹಾಗೆ ಮಾಡಲಿಲ್ಲ. ತಾನೂ ಅಭಿಮಾನಿ, ಅಭಿಮಾನಿಗೆ ಮೋಸ ಮಾಡಬಾರದು—ಇದು ಆಕೆಯ ನೀತಿ. ಹತ್ತು ವರ್ಷ ಆಕೆ ಈ ಕೆಲಸ ಮಾಡಿದಳು.

ಕಾಗದಗಳಿಗೆ ಉತ್ತರ ಬರೆದು ಪೂರೈಸುವುದು ಆಗದಾದಾಗ ವೃಂದದ ಪತ್ರಿಕಾ ಪ್ರತಿನಿಧಿ ಟೋನಿ ಬ್ಯಾರೊಗೆ ಒಂದು ಉಪಾಯ ಹೊಳೆಯಿತು. ನಾಲ್ವರೂ ಕುಳಿತು ಕ್ರಿಸ್‌ಮಸ್ ಶುಭಾಶಯ ಹೇಳಿ, ನಗೆಯಾಡಿ, ಅದನ್ನು ತೆಳ್ಳನೆಯ ಬಾಗುವ ಪ್ಲಾಸ್ಟಿಕ್ ರಿಕಾರ್ಡಿನಲ್ಲಿ ಮುದ್ರಿಸಿ ಸದಸ್ಯರಿಗೆ ಅಂಚೆಯಲ್ಲಿ ಕಳಿಸುವುದು. ೧೯೬೩ರಿಂದ ೧೯೬೯ರವರೆಗೆ ವರ್ಷಕ್ಕೊಂದರಂತೆ ಏಳು ರಿಕಾರ್ಡುಗಳು ಹೊರಟವು. ಯಾವ ಅಂಗಡಿಯಲ್ಲೂ ಇವು ಮಾರಾಟಕ್ಕಿರಲಿಲ್ಲ. ಚರಿತ್ರೆಕಾರನ ಕಿವಿಗೆ ಇವುಗಳಲ್ಲಿ ದೊಡ್ಡದೊಂದು ಸಂಗತಿ ಕೇಳಿಸುತ್ತದೆ. ಮೊದಲ ವರ್ಷಗಳ ರಿಕಾರ್ಡುಗಳಲ್ಲಿ ನಾಲ್ವರೂ ಒಂದೇ ಕಡೆ ಸೇರಿ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರೆ. ಕೊನೆಯ ಎರಡರಲ್ಲಿ ಪ್ರತಿಯೊಬ್ಬನೂ ಬೇರೆ ಬೇರೆ ಕಡೆ ತನ್ನ ಪಾಲಿನದನ್ನು ಹೇಳಿ ಕಳಿಸಿದ್ದಾನೆ; ಸ್ಟುಡಿಯೋದವರು ಅವನ್ನು ಹೊಲಿದು ಜೋಡಿಸಿದ್ದಾರೆ. ಮನೆ ಒಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ೧೯೭೦ರ ಏಪ್ರಿಲಿನಲ್ಲಿ. ಸಂಘದ ಸದಸ್ಯರ ಮನೆಯ ಗ್ರಾಮಾಫೋನು ಅದನ್ನು ೧೯೬೮ರ ಕ್ರಿಸ್‌ಮಸ್‌ನಲ್ಲೇ ಹೇಳಿತ್ತು.

ಬಿ.ಬಿ.ಸಿ.ಯ ಪ್ರಸಂಗ ಇದಕ್ಕಿಂತ ಗಂಭೀರವಾದದ್ದು. ಆ ಕಾಲದಲ್ಲಿ ಅಲ್ಲಿನ ರೇಡಿಯೋದಲ್ಲಿ ರಿಕಾರ್ಡು ಹಾಕುವುದಕ್ಕೆ ಇಷ್ಟೇ ಹೊತ್ತೆಂಬ ಮಿತಿಯಿತ್ತು. ಯಂತ್ರವೇ ಹಾಡಿದರೆ ವಾದ್ಯಗಾರರ ಹೊಟ್ಟೆಪಾಡೇನು ಎಂಬುದು ಅವರ ಸಂಘದ ವಾದ. ಈ ಕಾರಣದಿಂದ ಗಾಯಕರೇ ಸ್ಟುಡಿಯೋಕ್ಕೆ ಬಂದು ಹಾಡಬೇಕಾಗುತ್ತಿತ್ತು. ೧೯೬೨ರ ಮಾರ್ಚಿನಿಂದ ೧೯೬೫ರ ಜೂನಿನವರೆಗೆ ಬೀಟಲ್ಸ್ ಬಿ.ಬಿ.ಸಿ. ರೇಡಿಯೋಗಾಗಿ ೮೮ ಹಾಡುಗಳನ್ನು ಒಟ್ಟು ೨೭೫ ಸಲ ಹಾಡಿದರು. ಅವುಗಳಲ್ಲಿ ೩೬ ಹಾಡುಗಳನ್ನು ಅವರು ಆ ಕಾಲದ ತಮ್ಮ ಯಾವ ರಿಕಾರ್ಡಿನಲ್ಲೂ ಕೊಟ್ಟಿರಲಿಲ್ಲ. ಅಮೆರಿಕದ ಯಾವ ಯಾವ ಗಾಯಕರಿಂದ ಅವರು ಏನೇನು ಕಲಿತರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಉಂಟೇ?

ಆದರೆ ಟೇಪು ಅಂದು ದುಬಾರಿಯ ವಸ್ತು. ಪ್ರಸಾರ ಮುಗಿದ ಮೇಲೆ ಅದನ್ನು ಅಳಿಸಿ ಮತ್ತೆ ಬಳಸುವುದು ಕಚೇರಿಯ ವಾಡಿಕೆ. ಯಾರೂ ದ್ವೇಷದಿಂದ ಮಾಡಿದ್ದಲ್ಲ. ಈ ವಾರದ ಹಾಡು ಮುಂದಿನ ವಾರಕ್ಕೆ ಹಳತು ಎಂಬುದು ಅವರ ಲೆಕ್ಕ. ೧೯೮೨ರಲ್ಲಿ ಇಪ್ಪತ್ತು ವರ್ಷದ ನೆನಪಿಗೆಂದು ಒಂದು ಕಾರ್ಯಕ್ರಮ ಮಾಡಲು ಹೊರಟಾಗ ಸಂಸ್ಥೆಯ ಕಪಾಟುಗಳಲ್ಲಿ ಸಿಕ್ಕಿದ್ದು ಅಲ್ಪ. ಹೊರದೇಶಗಳಿಗೆ ಕಳಿಸಲೆಂದು ಮಾಡಿದ್ದ ಕೆಲವು ರಿಕಾರ್ಡುಗಳು ಉಳಿದಿದ್ದವು. ಉಳಿದ ಕೊರತೆಯನ್ನು ತುಂಬುವುದಕ್ಕೆ ನೆರವಾದದ್ದು ಆಗಿನ ಶ್ರೋತೃಗಳು ತಮ್ಮ ಮನೆಯ ರೇಡಿಯೋದಿಂದ ಹಿಡಿದಿಟ್ಟ ಟೇಪುಗಳು. ೧೯೯೪ರಲ್ಲಿ ‘ಲೈವ್ ಅಟ್ ದಿ ಬಿ.ಬಿ.ಸಿ.’ ಎಂಬ ಹೆಸರಿನಲ್ಲಿ ೫೬ ಹಾಡುಗಳು ಅಧಿಕೃತವಾಗಿ ಹೊರಬಂದವು. ೨೦೧೩ರಲ್ಲಿ ಎರಡನೆಯ ಸಂಪುಟ. ಸರ್ಕಾರಿ ಉಗ್ರಾಣ ಬರಿದಾದಾಗ ಊರವರು ತಮ್ಮ ತಮ್ಮ ಕಣಜದಿಂದ ಕಾಳು ತಂದು ಸುರಿದಂತಾಯಿತು.

ಈಗ ಪ್ರೀತಿಯ ಇನ್ನೊಂದು ಮುಖ. ೧೯೬೫ರ ಆಗಸ್ಟ್ ೧೫ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಸುಮಾರು ೫೫,೬೦೦ ಜನ ಸೇರಿದ್ದರು. ಅದಕ್ಕೆಂದೇ ನೂರು ವಾಟ್‌ಗಳ ಧ್ವನಿವರ್ಧಕಗಳನ್ನು ತರಿಸಿದ್ದರು. ಹಾಡು ಜನರನ್ನು ಮುಟ್ಟಬೇಕಾದದ್ದು ಬೇಸ್‌ಬಾಲ್ ಆಟದ ಸ್ಕೋರು ಹೇಳುವ ಕೊಳವೆಗಳಿಂದ. ಸಾವಿರಾರು ಎಳೆಯ ಕೊರಳುಗಳ ಚೀತ್ಕಾರದ ಮುಂದೆ ಇದೆಲ್ಲ ಎಷ್ಟರದು? ತಾವು ಹಾಡುವುದು ಹಾಡುವವರಿಗೇ ಕೇಳಿಸುತ್ತಿರಲಿಲ್ಲ. ಹಿಂದೆ ಕುಳಿತ ರಿಂಗೊ ಮುಂದೆ ನಿಂತವರ ಮೈ ಅಲುಗುವುದನ್ನು ನೋಡಿ ಹಾಡು ಎಲ್ಲಿಗೆ ಬಂದಿದೆ ಎಂದು ಊಹಿಸಿ ತಾಳ ಹಾಕುತ್ತಿದ್ದ. ಹಾಲಿವುಡ್ ಬೌಲ್ ಬಯಲು ರಂಗಮಂದಿರದಲ್ಲಿ ೧೯೬೪ ಮತ್ತು ೧೯೬೫ರಲ್ಲಿ ಕಂಪನಿಯವರು ಮಾಡಿಕೊಂಡ ಮುದ್ರಣದಲ್ಲಿ ಕೂಗು ಎಷ್ಟಿತ್ತೆಂದರೆ ಅದನ್ನು ಮಾರುವ ಯೋಚನೆ ಬಿಟ್ಟು ಮೂಲೆಗೆ ಹಾಕಿದರು. ಅದು ಬೆಳಕು ಕಂಡದ್ದು ೧೯೭೭ರಲ್ಲಿ.

ಕೇಳದವರ ಮುಂದೆ ಎಷ್ಟು ದಿನ ಹಾಡುವುದು? ೧೯೬೬ರ ಆಗಸ್ಟ್ ೨೯ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಅವರು ಟಿಕೆಟ್ಟು ಮಾರಿದ ತಮ್ಮ ಕಡೆಯ ಕಚೇರಿ ನಡೆಸಿದರು. ಇದು ಕೊನೆಯದೆಂದು ಜನರಿಗೆ ಗೊತ್ತಿರಲಿಲ್ಲ. ಮೆಕಾರ್ಟ್ನಿ ಟೋನಿ ಬ್ಯಾರೊನನ್ನು ಕರೆದು, ಇವತ್ತಿನದನ್ನು ನಿನ್ನ ಯಂತ್ರದಲ್ಲಿ ಹಿಡಿದಿಡು ಎಂದರು. ಬ್ಯಾರೊ ಮೈದಾನದಲ್ಲಿ ನಿಂತು ಕೈಯಲ್ಲಿ ಪುಟ್ಟ ಕ್ಯಾಸೆಟ್ ರಿಕಾರ್ಡರು ಎತ್ತಿ ಹಿಡಿದ. ಟೇಪಿನ ಒಂದು ಮಗ್ಗುಲಿಗೆ ಅರ್ಧ ಗಂಟೆ. ಹನ್ನೊಂದನೆಯ ಹಾಡು, ಕೊನೆಯ ಹಾಡು, ನಡೆಯುತ್ತಿರುವಾಗಲೇ ಟೇಪು ಮುಗಿಯಿತು. ಮಗ್ಗುಲು ಬದಲಿಸುವುದು ಅವನಿಗೆ ಹೊಳೆಯಲಿಲ್ಲ. ಜಗತ್ತಿನ ಅತ್ಯಂತ ಹೆಸರಾದ ವೃಂದದ ಕಡೆಯ ಕಚೇರಿಯ ಕಡೆಯ ಹಾಡು ಆ ಟೇಪಿನಲ್ಲಿ ಅರ್ಧಕ್ಕೇ ನಿಂತಿದೆ. ಬ್ಯಾರೊ ಒಂದು ಪ್ರತಿಯನ್ನು ಮೆಕಾರ್ಟ್ನಿಗೆ ಕೊಟ್ಟು ಇನ್ನೊಂದನ್ನು ತನ್ನ ಮೇಜಿನಲ್ಲಿ ಬೀಗ ಹಾಕಿಟ್ಟ. ಬೀಗ ಹಾಕಿದ್ದೂ ಹೇಗೋ ಹೊರಬಿದ್ದು ಸಂಗ್ರಾಹಕರ ಕೈಗೆ ಸಿಕ್ಕಿತು.

ಇಲ್ಲಿ ನ್ಯಾಯ-ಅನ್ಯಾಯದ ಪ್ರಶ್ನೆ ಏಳುತ್ತದೆ. ಹೀಗೆ ಅನುಮತಿಯಿಲ್ಲದೆ ಅಚ್ಚಾಗುವ ರಿಕಾರ್ಡುಗಳನ್ನು ‘ಬೂಟ್‌ಲೆಗ್’ ಎನ್ನುತ್ತಾರೆ. ಕಳ್ಳಸಾರಾಯಿಗೆ ಅಮೆರಿಕದಲ್ಲಿ ಇದ್ದ ಹೆಸರು ಅದು. ೧೯೬೨ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟಾರ್-ಕ್ಲಬ್ಬಿನಲ್ಲಿ ಬೀಟಲ್ಸ್ ಹಾಡಿದ್ದನ್ನು ಪರಿಚಿತರು ಮನೆಬಳಕೆಯ ಯಂತ್ರದಲ್ಲಿ ಹಿಡಿದಿದ್ದರು. ೧೯೭೭ರಲ್ಲಿ ಅದು ಮಾರಾಟಕ್ಕೆ ಬಂತು. ೧೯೯೮ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಜಾರ್ಜ್ ಹ್ಯಾರಿಸನ್ ಖುದ್ದಾಗಿ ಸಾಕ್ಷಿ ನುಡಿದರು. ಕುಡಿದವನೊಬ್ಬ ಕುಡಿದವರನ್ನು ಮುದ್ರಿಸಿದ್ದಕ್ಕೆ ಒಪ್ಪಂದವೆನ್ನಬಹುದೇ ಎಂಬುದು ಅವರ ಮಾತಿನ ತಾತ್ಪರ್ಯ. ಪ್ರಕರಣ ಬೀಟಲ್ಸ್ ಪರವಾಗಿ ಮುಗಿದು ಮಾರಾಟ ನಿಂತಿತು. ಹಾಡಿದವನಿಗೆ ತನ್ನ ಹಾಡಿನ ಮೇಲೆ ಹಕ್ಕಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಟೇಪು ಇಲ್ಲದೆಹೋಗಿದ್ದರೆ ಹ್ಯಾಂಬರ್ಗಿನ ಹುಡುಗರು ಹೇಗೆ ಹಾಡುತ್ತಿದ್ದರೆಂದು ನಮಗೆ ತಿಳಿಯುತ್ತಲೂ ಇರಲಿಲ್ಲ. ಮಾರಿದವನನ್ನು ದಂಡಿಸೋಣ, ಉಳಿಸಿದವನನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ಕಾಲ ಈ ವಾದಕ್ಕೆ ಒಂದು ನಗೆಯ ಮುಕ್ತಾಯವನ್ನೂ ಕೊಟ್ಟಿತು. ಯೂರೋಪಿನ ಕಾನೂನಿನಂತೆ ಐವತ್ತು ವರ್ಷದೊಳಗೆ ಪ್ರಕಟಿಸದ ಧ್ವನಿಮುದ್ರಣದ ಹಕ್ಕು ಕೈಬಿಡುವ ಭಯ ಬಂದಾಗ, ೨೦೧೩ರ ಡಿಸೆಂಬರಿನಲ್ಲಿ, ೧೯೬೩ರ ೫೯ ಮುದ್ರಣಗಳನ್ನು ಅಧಿಕೃತವಾಗಿಯೇ ಹೊರತಂದರು. ಅದಕ್ಕೆ ಇಟ್ಟ ಹೆಸರು ‘ಬೂಟ್‌ಲೆಗ್ ರೆಕಾರ್ಡಿಂಗ್ಸ್’. ಕಳ್ಳನ ಹೆಸರನ್ನು ಕಡೆಗೆ ಯಜಮಾನನೇ ಇಟ್ಟುಕೊಂಡ!

ಸಂಗ್ರಾಹಕರ ಮಾತುಕತೆಯನ್ನು ಹೊರಗಿನವರು ಕೇಳಿದರೆ ನಗು ಬರಬಹುದು. ಈ ಪ್ರತಿ ಮೂಲದಿಂದ ಎಷ್ಟನೆಯ ತಲೆಮಾರು, ಈ ಕೆಮ್ಮು ಯಾವ ಊರಿನ ಕಚೇರಿಯದು, ಈ ಹಾಡಿನಲ್ಲಿ ಒಂದು ಸಾಲು ತಪ್ಪಿದ್ದು ಮೊದಲನೆಯ ದಿನವೋ ಎರಡನೆಯ ದಿನವೋ—ಹೀಗೆ ಗಂಟೆಗಟ್ಟಲೆ ಚರ್ಚೆ. ಹಳೆಯ ಕಾವ್ಯದ ಪಾಠಾಂತರಗಳನ್ನು ಕೂಡಿಸುವ ಪಂಡಿತರು ಮಾಡುವುದೂ ಇದನ್ನೇ ಅಲ್ಲವೇ?

ಕೊನೆಗೊಂದು ಪ್ರಸಂಗ. ೧೯೬೩ರ ಏಪ್ರಿಲ್ ೪ರಂದು ಬೀಟಲ್ಸ್ ಇಂಗ್ಲೆಂಡಿನ ಸ್ಟೋ ಎಂಬ ವಸತಿಶಾಲೆಯಲ್ಲಿ ಹಾಡಿದರು. ಲಿವರ್‌ಪೂಲಿನ ಕಡೆಯ ವಿದ್ಯಾರ್ಥಿಯೊಬ್ಬ ಎಪ್ಸ್ಟೀನ್‌ಗೆ ಕಾಗದ ಬರೆದು ನೂರು ಪೌಂಡಿಗೆ ಗೊತ್ತುಮಾಡಿದ್ದ. ಸಭೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಗಂಡುಹುಡುಗರು, ಚೀತ್ಕಾರ ಕಡಮೆ. ಯಂತ್ರಗಳ ಹುಚ್ಚಿದ್ದ ಹದಿನೈದು ವರ್ಷದ ಹುಡುಗನೊಬ್ಬ ಒಂದು ಗಂಟೆಯ ಆ ಕಚೇರಿಯನ್ನು ತನ್ನ ಟೇಪಿನಲ್ಲಿ ಹಿಡಿದ. ಅರುವತ್ತು ವರ್ಷ ಅದು ಅವನ ಬಳಿಯೇ ಇತ್ತು. ೨೦೨೩ರಲ್ಲಿ ಅದರ ಸುದ್ದಿ ಹೊರಬಂದಾಗ, ಬೀಟಲ್ಸ್ ಬ್ರಿಟನ್ನಿನಲ್ಲಿ ನಡೆಸಿದ ಪೂರ್ಣ ಕಚೇರಿಯ ಧ್ವನಿಮುದ್ರಣಗಳಲ್ಲಿ ತಿಳಿದ ಮಟ್ಟಿಗೆ ಇದೇ ಅತ್ಯಂತ ಹಳೆಯದೆಂದು ಗೊತ್ತಾಯಿತು. ಅದರಲ್ಲಿ ಹಾಡು ಸ್ಪಷ್ಟವಾಗಿ ಕೇಳಿಸುತ್ತದೆ. ತಮ್ಮ ಮೆಚ್ಚಿನ ಹಾಡು ಬೇಕೆಂದು ಹುಡುಗರು ಕೂಗಿ ಕೇಳುವುದೂ ಕೇಳಿಸುತ್ತದೆ.

ಫ್ರೀಡಾ ಕೆಲ್ಲಿ ಸಂಘ ಮುಚ್ಚಿದ ಮೇಲೆ ತನ್ನಲ್ಲಿದ್ದ ಬೆಲೆಬಾಳುವ ವಸ್ತುಗಳನ್ನು ಹೆಚ್ಚುಪಾಲು ಅಭಿಮಾನಿಗಳಿಗೇ ಹಂಚಿಬಿಟ್ಟಳು. ಉಳಿದ ಕೆಲವು ಪೆಟ್ಟಿಗೆಗಳು ಅಟ್ಟದ ಮೇಲೆ ದೂಳು ತಿನ್ನುತ್ತಿದ್ದುದನ್ನು ೨೦೧೩ರ ಒಂದು ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ಸ್ಟೋ ಶಾಲೆಯ ಹುಡುಗನೂ ತನ್ನ ಟೇಪನ್ನು ಹರಾಜಿನ ಆಸೆಯಿಂದ ಹಿಡಿದದ್ದಲ್ಲ. ಅಟ್ಟದ ಮೇಲಿನ ಪೆಟ್ಟಿಗೆಗೆ ತನ್ನೊಳಗೆ ಏನಿದೆಯೆಂದು ಗೊತ್ತಿರುವುದಿಲ್ಲ. ಆದರೆ ಟೇಪಿಗೂ ಆಯುಸ್ಸು ಉಂಟು. ಬೂಜು ಹಿಡಿಯುತ್ತದೆ, ಮೇಲಿನ ಲೇಪ ಉದುರುತ್ತದೆ. ನಮ್ಮ ಮನೆಯ ಅಟ್ಟದಲ್ಲೂ ಯಾರೋ ಹಾಡಿದ್ದು, ಯಾರೋ ಮಾತಾಡಿದ್ದು, ಇಂಥ ಒಂದು ಸುರುಳಿಯಲ್ಲಿ ಕುಳಿತಿದ್ದರೆ, ಹಬ್ಬಕ್ಕೆ ಮನೆ ಗುಡಿಸುವಾಗ ಅದನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಒಂದು ಸಲ ಕೇಳಿ ನೋಡೋಣ.