ಎಡೆದೊರೆ ನಾಡಿನ ದಾರಿ ಮತ್ತು ಚೀನಾ–ಪೋಲೆಂಡ್ ಸಂಬಂಧ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವು ಪ್ರಾಚೀನ ಶಾಸನಗಳಲ್ಲಿ ‘ಎಡೆದೊರೆ ಎರಡುಸಾಸಿರ’ವೆಂದು ಪ್ರಸಿದ್ಧವಾಗಿದೆ. ಎರಡು ತೊರೆಗಳ ಎಡೆಯಲ್ಲಿರುವ ನಾಡಿಗೆ ಇದಕ್ಕಿಂತ ಅನ್ವರ್ಥಕವಾದ ಹೆಸರು ದೊರೆಯಲಾರದು. ಆದರೆ ಈ ನಾಡಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯುದ್ಧಗಳನ್ನೇ ಬರೆದಿದ್ದಾರೆ. ಕ್ರಿ.ಶ. 1294ರಲ್ಲಿ ಕಾಕತೀಯರ ಕಾಲದಲ್ಲಿ ರಾಯಚೂರು ಕೋಟೆ ಎದ್ದುದು, 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಇಲ್ಲಿ ಸೋಲಿಸಿದುದು, 1565ರ ತರುವಾಯ ನಾಡು ಬಿಜಾಪುರದ ಕೈವಶವಾದುದು, ಇವೇ ಪಾಠಪುಸ್ತಕಗಳ ಸಾರ. ಹೋರಾಡಿ ಪಡೆಯಬೇಕಾದಷ್ಟು ಬೆಲೆ ಈ ಎರೆಭೂಮಿಗೆ ಏಕೆ ಬಂದಿತೆಂದು ಕೇಳಿದರೆ, ಬೆಳೆಯ ಜೊತೆಗೆ ದಾರಿಯನ್ನೂ ಹೆಸರಿಸಬೇಕಾಗುತ್ತದೆ. ರಾಯಚೂರು ಕೋಟೆಯ ಗೋಡೆಯೇ ಇದಕ್ಕೆ ಸಾಕ್ಷಿ. ಅಲ್ಲಿಯ ಶಾಸನವನ್ನು ಹೊತ್ತಿರುವ, ಸುಮಾರು 41 ಅಡಿ ಉದ್ದದ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ದೃಶ್ಯವನ್ನು ಪಕ್ಕದಲ್ಲಿಯೇ ಗೆರೆಗಳಲ್ಲಿ ಕೊರೆದಿದ್ದಾರೆ. ಕೋಟೆಯನ್ನು ಕಟ್ಟಿದವರಿಗೂ ಕಲ್ಲು ಬಂದ ದಾರಿ ದಾಖಲೆಗೆ ಅರ್ಹವೆನಿಸಿತ್ತು.

ಪಶ್ಚಿಮದ ಗೋವೆಯ ಬಂದರಕ್ಕೂ ಪೂರ್ವದ ಗೋಲ್ಕೊಂಡಕ್ಕೂ ನಡುವೆ ನಕ್ಷೆಯ ಮೇಲೆ ಒಂದು ಸರಳರೇಖೆಯನ್ನು ಎಳೆದರೆ ಅದು ದೇವದುರ್ಗದ ಉತ್ತರಕ್ಕೆ, ಕೃಷ್ಣೆಯ ಆಚೆಯ ದಡದಲ್ಲಿ ಸಾಗುತ್ತದೆ. ಬಿಜಾಪುರದಿಂದ ಕರ್ನೂಲು ಸೀಮೆಯ ರಾಮಳ್ಳಕೋಟೆಯ ವಜ್ರದ ಗಣಿಗಳಿಗೆ ಇನ್ನೊಂದು ರೇಖೆಯನ್ನು ಎಳೆದರೆ ಅದು ದೇವದುರ್ಗ ಮತ್ತು ಮಾನ್ವಿಗಳ ನಡುವಣ ಹೊಲಗಳನ್ನೇ ಹಾಯುತ್ತದೆ. ಫ್ರೆಂಚ್ ರತ್ನವರ್ತಕ ತಾವೆರ್ನಿಯೇ ‘ರಾವೊಲ್ಕೊಂಡ’ವೆಂದು ಕರೆದ ಗಣಿಯು ಗೋಲ್ಕೊಂಡದಿಂದ ಐದು ದಿನ, ಬಿಜಾಪುರದಿಂದ ಎಂಟೊಂಬತ್ತು ದಿನಗಳ ಪಯಣವೆಂದು ಅವನೇ ಬರೆದಿದ್ದಾನೆ, ಆ ಗಣಿ ರಾಮಳ್ಳಕೋಟೆಯದೆಂದು ವಿದ್ವಾಂಸರು ಗುರುತಿಸಿದ್ದಾರೆ. ಬೇಡ ನಾಯಕರ ಪಾಳೆಯಪಟ್ಟೆಂದು ಹೆಸರಾದ ದೇವದುರ್ಗ, ಮುಂದೆ ಜಗನ್ನಾಥದಾಸರಿಂದ ಹೆಸರುವಾಸಿಯಾದ ಮಾನ್ವಿ, ಇವೆರಡೂ ಇಂತಹ ಹಾದಿಗಳ ಆಸುಪಾಸಿನ ಊರುಗಳು. ಹದಿನೇಳನೆಯ ಶತಮಾನದ ನಡುವಿನಲ್ಲಿ ಇವೆಲ್ಲ ಮುಹಮ್ಮದ್ ಆದಿಲಶಾಹನ ರಾಜ್ಯದ ಪೂರ್ವಭಾಗಕ್ಕೆ ಸೇರಿದ್ದವು.

ಈ ರಾಜ್ಯವನ್ನು ಅಡ್ಡಹಾಯ್ದು ಕಾಲ್ನಡಿಗೆಯಲ್ಲಿ ಹೋದವರಲ್ಲಿ ಒಬ್ಬ ಪೋಲಿಷ್ ಪಾದ್ರಿಯೂ ಒಬ್ಬ ಚೀನೀ ತರುಣನೂ ಇದ್ದರೆಂಬುದು ಕನ್ನಡ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಪಾದ್ರಿಯ ಹೆಸರು ಮಿಖಾಲ್ ಬೊಯಿಮ್. ತರುಣನ ಹೆಸರು ಆಂಡ್ರಿಯಾಸ್ ಝೆಂಗ್. ಇವರ ಜೋಳಿಗೆಯಲ್ಲಿ ಚೀನದ ರಾಜಮಾತೆಯೊಬ್ಬಳು ರೇಷ್ಮೆಯ ಮೇಲೆ ಬರೆಸಿದ ಪತ್ರವಿತ್ತು.

ಪೋಲೆಂಡಿನ ಜನರಿಗೆ ಪೂರ್ವದೇಶಗಳ ಪರಿಚಯ ಬೊಯಿಮ್‌ನಿಂದಲೇ ಮೊದಲಾದುದಲ್ಲ. 1245ರಿಂದ 1247ರವರೆಗೆ ಪೋಪ್ ಗುರುವಿನ ದೂತನೊಡನೆ ಮಂಗೋಲ್ ಚಕ್ರವರ್ತಿಯ ಬೀಡಿಗೆ ಹೋಗಿ ಬಂದ ಬೆನೆಡಿಕ್ಟ್ ಎಂಬ ಸನ್ಯಾಸಿ ಪೋಲಿಷ್ ನಾಡಿನವನು. 1498ರಲ್ಲಿ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ವಾಸ್ಕೊ ಡ ಗಾಮನ ಕೈಗೆ ಸಿಕ್ಕ ಯಹೂದಿಯೊಬ್ಬನ ಕುಲಮೂಲ ಪೋಲೆಂಡಿನ ಪೊಜ್ನಾನ್ ನಗರವೆಂದು ಪೋರ್ಚುಗೀಸ್ ಬಖೈರುಗಳು ಹೇಳುತ್ತವೆ. ಆಗ ಅವನು ಗೋವೆಯ ಒಡೆಯನ, ಎಂದರೆ ಆದಿಲಶಾಹಿಯ ಸೇವೆಯಲ್ಲಿದ್ದನು. ಬಳಿಕ ಗ್ಯಾಸ್ಪರ್ ಡ ಗಾಮ ಎಂಬ ಹೆಸರಿನಿಂದ ಪೋರ್ಚುಗೀಸರಿಗೇ ದುಭಾಷಿಯಾದನು. 1596ರಲ್ಲಿ ಕ್ರಿಸ್ಟಾಫ್ ಪಾವ್ಲೊವ್ಸ್ಕಿ ಎಂಬ ಪೋಲಿಷ್ ಪ್ರವಾಸಿಯು ಗೋವೆಯಿಂದ ತನ್ನ ನಾಡಿಗೆ ಪತ್ರ ಬರೆದನು. ಇವರೆಲ್ಲರ ನೋಟ ಬಹುಮಟ್ಟಿಗೆ ಹೊರಗಿನವರ ನೋಟ. ಚೀನದ ವಿದ್ಯೆಯೊಳಕ್ಕೆ ಇಳಿದ ಪೋಲಿಷರು ಹದಿನೇಳನೆಯ ಶತಮಾನದವರು. ಯಾನ್ ಸ್ಮೊಗುಲೆಟ್ಸ್ಕಿ ಎಂಬ ಪಾದ್ರಿ ಕ್ಸುಎ ಫೆಂಗ್‌ಜ಼ುಓ ಎಂಬ ಚೀನೀ ಗಣಿತಜ್ಞನೊಡನೆ ಕೂಡಿ ಲಾಗರಿಥಮ್ ಗಣಿತವನ್ನು ಆ ದೇಶಕ್ಕೆ ಪರಿಚಯಿಸಿದನು. ಅವನ ಸಮಕಾಲೀನನೇ ಬೊಯಿಮ್.

ಬೊಯಿಮ್ ಹುಟ್ಟಿದ್ದು ಸುಮಾರು 1612ರಲ್ಲಿ, ಲ್ವೋವ್ ನಗರದಲ್ಲಿ. ಅಂದು ಪೋಲೆಂಡಿನ ರಾಜ್ಯಕ್ಕೆ ಸೇರಿದ್ದ ಆ ನಗರ ಇಂದು ಉಕ್ರೇನಿನ ಲ್ವಿವ್. ತಂದೆ ರಾಜವೈದ್ಯ, ಆ ಮನೆತನ ಕಟ್ಟಿಸಿದ ಶಿಲ್ಪಖಚಿತ ಪ್ರಾರ್ಥನಾಮಂದಿರವನ್ನು ಲ್ವಿವ್‌ನಲ್ಲಿ ಈಗಲೂ ಕಾಣಬಹುದು. ವೈದ್ಯರ ಮನೆಯಲ್ಲಿ ಬೆಳೆದವನಿಗೆ ಗಿಡಮೂಲಿಕೆಗಳಲ್ಲಿಯೂ ನಾಡಿಯಲ್ಲಿಯೂ ಆಸಕ್ತಿ ಹುಟ್ಟಿದ್ದು ಸಹಜವೇ. ಯೇಸುಸಂಘವನ್ನು ಸೇರಿ, 1643ರಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿ ಚೀನದ ಕಡೆಗೆ ಬಂದನು. ಮರುವರ್ಷವೇ ಬೀಜಿಂಗ್ ಬಿದ್ದಿತು. ಮಂಚೂ ಜನರು ಸಿಂಹಾಸನವೇರಿದರು. ಮಿಂಗ್ ವಂಶದ ಯುಂಗ್ಲಿ ಚಕ್ರವರ್ತಿ ದಕ್ಷಿಣದ ಪ್ರಾಂತಗಳಲ್ಲಿ ಬೀಡಿನಿಂದ ಬೀಡಿಗೆ ಸರಿಯುತ್ತ ರಾಜ್ಯವಾಳುತ್ತಿದ್ದನು. ಅವನ ಅರಮನೆಯ ರಾಜಮಾತೆ ವಾಂಗ್ ಕ್ರೈಸ್ತಮತವನ್ನು ಸ್ವೀಕರಿಸಿ ಹೆಲೆನಾ ಎಂಬ ಹೆಸರನ್ನು ಪಡೆದಿದ್ದಳು. 1650ರ ನವೆಂಬರಿನಲ್ಲಿ ಆಕೆ ಪೋಪ್ ಗುರುವಿಗೆ ಪತ್ರ ಬರೆಸಿ ನೆರವು ಕೋರಿದಳು. ಅದನ್ನು ಒಯ್ಯುವ ಹೊಣೆ ಬೊಯಿಮ್‌ನ ಮೇಲೆ ಬಿದ್ದಿತು.

1651ರ ಮೇ ತಿಂಗಳಲ್ಲಿ ದೂತರು ಗೋವೆಯನ್ನು ಮುಟ್ಟಿದರು. ಕಷ್ಟವೆಲ್ಲ ಕಳೆಯಿತೆಂದು ತಿಳಿಯಬೇಕಾದ ಸ್ಥಳದಲ್ಲಿಯೇ ನಿಜವಾದ ಕಷ್ಟ ಮೊದಲಾಯಿತು. ಗೋವೆಯ ಅಧಿಕಾರಿಗಳಿಗೆ ಸೋಲುತ್ತಿರುವ ರಾಜನ ದೂತನಿಗಿಂತ ಗೆಲ್ಲುತ್ತಿರುವ ಮಂಚೂಗಳೊಡನೆ ನಡೆಯಬೇಕಾದ ಮಕಾವು ವ್ಯಾಪಾರ ಹೆಚ್ಚಿನದಾಗಿತ್ತು. ಬೊಯಿಮ್‌ನನ್ನು ಗೃಹಬಂಧನದಲ್ಲಿ ಇರಿಸಲಾಯಿತು. ಆ ದಿನಗಳ ಪೋರ್ಚುಗೀಸರ ಅಂಜಿಕೆಯನ್ನು ಅರಿಯಲು ಕರಾವಳಿಯತ್ತ ಒಮ್ಮೆ ನೋಡಬೇಕು. ಮಲಾಕ್ಕಾವನ್ನು ಡಚ್ಚರು 1641ರಲ್ಲಿಯೇ ಕಸಿದುಕೊಂಡಿದ್ದರು. ತೆಂಕಣದಲ್ಲಿ ಕೆಳದಿಯ ವೀರಶೈವ ದೊರೆ ಶಿವಪ್ಪನಾಯಕನು ಪ್ರಬಲನಾಗುತ್ತಿದ್ದನು. 1652ರಿಂದ 1654ರ ಒಳಗೆ ಹೊನ್ನಾವರ, ಬಸರೂರು ಸೀಮೆ, ಮಂಗಳೂರುಗಳಿಂದ ಅವನು ಪೋರ್ಚುಗೀಸರನ್ನು ಹೊರದೂಡಿದನು. ಗೋವೆಯ ಅನ್ನಕ್ಕೆ ಬೇಕಾದ ಅಕ್ಕಿ ಬರುತ್ತಿದ್ದುದು ಈ ಬಂದರಗಳಿಂದಲೇ. ಇಷ್ಟು ಇಕ್ಕಟ್ಟಿನಲ್ಲಿದ್ದವರು ದೂರದ ಚೀನದಲ್ಲಿ ಇನ್ನೊಬ್ಬ ಶತ್ರುವನ್ನು ಕಟ್ಟಿಕೊಳ್ಳಲು ಬಯಸದಿದ್ದುದು ರಾಜಕಾರಣದ ಲೆಕ್ಕಕ್ಕೆ ಸರಿಯೇ. ಆದರೆ ಕೊಟ್ಟ ಮಾತಿನ ಲೆಕ್ಕ ಬೇರೆ. ಬೊಯಿಮ್ ಆ ಲೆಕ್ಕವನ್ನು ಹಿಡಿದವನು.

1651ರ ಡಿಸೆಂಬರಿನಲ್ಲಿ ಅವನು ಝೆಂಗ್‌ನನ್ನು ಕೂಡಿಕೊಂಡು ಗೋವೆಯಿಂದ ತಪ್ಪಿಸಿಕೊಂಡನು. ಕಡಲಿನ ಹಾದಿ ಪೋರ್ಚುಗೀಸರದು. ಉಳಿದದ್ದು ನೆಲದ ಹಾದಿ. ಘಟ್ಟವನ್ನೇರಿದರೆ ಆದಿಲಶಾಹಿ, ಅದನ್ನು ದಾಟಿದರೆ ಕುತುಬಶಾಹಿ. ಗೋವೆಯಿಂದ ಹೈದರಾಬಾದನ್ನು ಸೇರುವವರೆಗೆ ಅವರು ತುಳಿದದ್ದು ಬಹುಪಾಲು ಕನ್ನಡದ ನೆಲವನ್ನು. ಅದು ಮಾರ್ಗಶಿರ–ಪುಷ್ಯಗಳ ಕಾಲ. ಎರೆಭೂಮಿಯಲ್ಲಿ ಬಿಳಿಜೋಳ ಆಳೆತ್ತರಕ್ಕೆ ಬೆಳೆದು ನಿಲ್ಲುವ, ಕೃಷ್ಣೆ ಭೀಮೆಯರ ನೀರು ಇಳಿದು ಹರಿಗೋಲಿನಲ್ಲಿ ನಿರಾತಂಕವಾಗಿ ದಾಟಬಹುದಾದ ಋತು. ಬಿಜಾಪುರದಲ್ಲಿ ಗೋಲಗುಮ್ಮಟದ ಕಟ್ಟಡ ಇನ್ನೂ ನಡೆದಿತ್ತು. ಮುಸ್ಲಿಂ ಸುಲ್ತಾನರ ಎರಡು ರಾಜ್ಯಗಳು ಈ ಕ್ರೈಸ್ತ ಪಾದ್ರಿಯನ್ನು ತಡೆಯಲಿಲ್ಲ. ಅವನನ್ನು ತಡೆದಿದ್ದವರು ಅವನ ಮತಬಾಂಧವರೇ. ಚರಿತ್ರೆಯಲ್ಲಿ ಇಂತಹ ವಿಪರ್ಯಾಸಗಳಿಗೆ ಬರವಿಲ್ಲ. ಇನ್ನೊಂದು ವಿಷಾದದ ಸಂಗತಿಯೆಂದರೆ, ಪತ್ರವನ್ನು ಕಳುಹಿಸಿದ ರಾಜಮಾತೆ ಹೆಲೆನಾ ಅದೇ 1651ರಲ್ಲಿ ತೀರಿಕೊಂಡಿದ್ದಳು. ಎಡೆಬಿಡದೆ ನಡೆಯುತ್ತಿದ್ದ ದೂತರು ಒಯ್ಯುತ್ತಿದ್ದುದು ಸತ್ತವಳ ಬಿನ್ನಹವನ್ನು.

ಹೈದರಾಬಾದಿನಿಂದ ಸೂರತ್ತು, ಅಲ್ಲಿಂದ ಬಂದರ್ ಅಬ್ಬಾಸ್, ಷಿರಾಜ್, ಇಸ್ಫಹಾನ್, ಮುಂದೆ ತುರ್ಕರ ನಾಡನ್ನು ಹಾಯ್ದು 1652ರ ಡಿಸೆಂಬರಿನಲ್ಲಿ ವೆನಿಸ್. ಆ ನಗರಕ್ಕೆ ಯೇಸುಸಂಘದವರೊಡನೆ ವಿರೋಧವಿದ್ದುದರಿಂದ ಬೊಯಿಮ್ ತನ್ನ ಪಾದ್ರಿಯ ಉಡುಪನ್ನು ಕಳಚಿ ಚೀನೀ ಅಧಿಕಾರಿಯ ವೇಷದಲ್ಲಿ ಒಳಹೊಕ್ಕನು. ರೋಮಿನಲ್ಲಿ ಸಂದೇಹ, ವಿಚಾರಣೆ, ಕಾಯುವಿಕೆ. ಹೀಗೆ ಮೂರು ವರ್ಷಗಳು ಕಳೆದವು. ಪೋಪ್ ಹತ್ತನೆಯ ಇನೊಸೆಂಟ್ ತೀರಿಕೊಂಡು ಏಳನೆಯ ಅಲೆಕ್ಸಾಂಡರ್ ಪೀಠವೇರಿದ ಮೇಲೆ, 1655ರ ಡಿಸೆಂಬರಿನಲ್ಲಿ, ಉತ್ತರದ ಪತ್ರ ಕೈಗೆ ಬಂದಿತು.

ಕಾಯುವ ಕಾಲ ವ್ಯರ್ಥವಾಗಲಿಲ್ಲ. ಬೊಯಿಮ್ ರಚಿಸಿದ ‘ಫ್ಲೋರಾ ಸಿನೆನ್ಸಿಸ್’ ಎಂಬ ಸಚಿತ್ರ ಸಸ್ಯಗ್ರಂಥವು 1656ರಲ್ಲಿ ವಿಯೆನ್ನಾದಲ್ಲಿ ಅಚ್ಚಾಯಿತು. ಹೆಸರು ಚೀನದ ಸಸ್ಯಗಳೆಂದಿದ್ದರೂ ಪುಟ ತಿರುವಿದರೆ ಕನ್ನಡಿಗರಿಗೆ ಪರಿಚಿತವಾದ ಮರಗಳೇ ಎದುರಾಗುತ್ತವೆ: ಮಾವು, ಹಲಸು, ಮೆಣಸು, ಶುಂಠಿ, ದಾಲ್ಚಿನ್ನಿ. ಅವುಗಳ ಜೊತೆಗೆ ಪಪ್ಪಾಯಿ, ಪೇರಲ, ಅನಾನಸು, ಗೇರು. ಈ ಕೊನೆಯ ನಾಲ್ಕು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಏಷ್ಯಕ್ಕೆ ಬಂದವು. ಪಪ್ಪಾಯಿಯನ್ನು ಕನ್ನಡಿಗರು ಪರಂಗಿ ಹಣ್ಣೆಂದು ಕರೆಯುವಲ್ಲಿ ಆ ನೆನಪು ಇಂದಿಗೂ ಉಳಿದಿದೆ. ಗ್ರಂಥಕಾರನು ಚೀನದ್ದೆಂದು ಬರೆದದ್ದರ ಹುಟ್ಟನ್ನು ಹಳ್ಳಿಗರ ಮಾತು ಹೆಚ್ಚು ಸರಿಯಾಗಿ ಹೇಳುತ್ತದೆ.

ಇದಕ್ಕೆ ತಿರುವುಮುರುವಾದ ನಿದರ್ಶನವೂ ಅದೇ ಗ್ರಂಥದಲ್ಲಿದೆ. ಬೊಯಿಮ್ ವರ್ಣಿಸಿದ ಮೂಲಿಕೆಗಳಲ್ಲಿ ‘ಚೀನದ ಬೇರು’ ಒಂದು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಇದು ದ್ವೀಪಾಂತರ ವಚಾ; ಹಕೀಮರ ಮಾತಿನಲ್ಲಿ ಚೋಪಚೀನಿ; ಕನ್ನಡದ ಪಂಡಿತರ ಬಾಯಲ್ಲಿ ಪರಂಗಿಚಕ್ಕೆ. ಒಂದೇ ಬೇರಿಗೆ ಮೂರು ಹೆಸರುಗಳು; ಮೂರೂ ಮೂರು ಬಗೆಯ ಚರಿತ್ರೆಯನ್ನು ಹೇಳುತ್ತವೆ. ಚೋಪಚೀನಿಯೆಂಬ ಹೆಸರು ಹುಟ್ಟಿದ ನಾಡನ್ನು ಹೇಳಿದರೆ, ಪರಂಗಿಚಕ್ಕೆಯೆಂಬುದು ತಂದು ಮಾರಿದವನನ್ನು ಹೇಳುತ್ತದೆ. ದ್ವೀಪಾಂತರವೆಂದ ಶಾಸ್ತ್ರಕಾರನು ಕಡಲಾಚೆಯದೆಂಬಷ್ಟಕ್ಕೇ ತೃಪ್ತನಾದನು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತನ ಮೂಲಿಕಾ ಗ್ರಂಥದಲ್ಲಿ ಈ ಬೇರಿನ ಮೇಲೆಯೇ ಒಂದು ಸಂವಾದವಿದೆ. ಪೋರ್ಚುಗೀಸರೊಡನೆ ಬಂದ ಫಿರಂಗ ರೋಗಕ್ಕೆ ಅವರೇ ತಂದ ಈ ಬೇರನ್ನು ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಔಷಧವೆಂದು ವಿಧಿಸಿದ್ದಾನೆ. ರೋಗಕ್ಕೂ ಮದ್ದಿಗೂ ಒಂದೇ ಹೆಸರು ಅಂಟಿಕೊಂಡದ್ದು ಹೀಗೆ. ಪೆಟ್ಟಿಗೆಗಳು ಗೋವೆಯಲ್ಲಿ ಇಳಿದ ಮೇಲೆ ಒಳನಾಡಿನ ಗ್ರಂದಿಗೆ ಅಂಗಡಿಗಳವರೆಗೆ ಅವುಗಳನ್ನು ಒಯ್ದದ್ದು ಎತ್ತಿನ ಹೇರುಗಳು. ಚೀನದ ಪಿಂಗಾಣಿಯೂ ಒಳನಾಡಿಗೆ ಹೀಗೆಯೇ ನೆಲದ ಮೇಲೆ ಸಾಗಿಬಂದಿತು. ಹಂಪೆಯ ಉತ್ಖನನಗಳಲ್ಲಿ ಅದರ ಚೂರುಗಳು ದೊರೆತಿವೆ, ಬಿಜಾಪುರದ ವಸ್ತುಸಂಗ್ರಹಾಲಯದಲ್ಲಿ ಇಡೀ ಪಾತ್ರೆಗಳೇ ಇವೆ. ಕಾಳಿದಾಸನ ಚೀನಾಂಶುಕದಿಂದ ಹಿಡಿದು ಚೀನದ ವಸ್ತುವನ್ನು ಅದರ ನಾಡಿನ ಹೆಸರಿನಿಂದಲೇ ಕರೆದ ಭಾರತೀಯರು ಈ ಒಂದು ಬೇರಿನ ವಿಷಯದಲ್ಲಿ ಮಾತ್ರ ಮಧ್ಯವರ್ತಿಗೆ ಮರುಳಾದರೆನ್ನಬಹುದು.

ಬೊಯಿಮ್‌ನ ಎರಡನೆಯ ದೊಡ್ಡ ಕಾಣಿಕೆ ಚೀನೀ ನಾಡೀಶಾಸ್ತ್ರವನ್ನು ಯುರೋಪಿಗೆ ತಿಳಿಸಿದುದು. ಮಣಿಕಟ್ಟಿನ ಮೇಲೆ ಮೂರು ಬೆರಳುಗಳನ್ನಿಟ್ಟು ದೇಹದ ಒಳಗನ್ನು ಓದುವ ಪದ್ಧತಿ ಭಾರತೀಯರಿಗೆ ಹೊಸದಲ್ಲ. ಶಾರ್ಙ್ಗಧರ ಸಂಹಿತೆಯ ಕಾಲದಿಂದಲೂ ಇಲ್ಲಿಯ ವೈದ್ಯರು ವಾತ, ಪಿತ್ತ, ಕಫಗಳನ್ನು ನಾಡಿಯಲ್ಲಿ ಹುಡುಕಿದವರೇ. ಯುರೋಪಿನವರಿಗೆ ಮಾತ್ರ ಚೀನೀಯರ ಈ ಸೂಕ್ಷ್ಮತೆ ಬೆರಗನ್ನುಂಟುಮಾಡಿತು. ಆದರೆ ಈ ಬರಹಗಳು ಅಚ್ಚಾಗಿ ಹೊರಬಂದದ್ದು ಅವನು ಸತ್ತು ಇಪ್ಪತ್ತು ವರ್ಷಗಳು ಸಂದ ಮೇಲೆ. 1682ರಲ್ಲಿ ಒಂದು ಗ್ರಂಥ ಫ್ರಾಂಕ್‌ಫರ್ಟಿನಲ್ಲಿ, ಆಂಡ್ರಿಯಾಸ್ ಕ್ಲೇಯರ್ ಎಂಬ ವೈದ್ಯನ ಹೆಸರಿನಲ್ಲಿ. 1686ರಲ್ಲಿ ಇನ್ನೊಂದು, ಬೊಯಿಮ್‌ನದೇ ಹೆಸರಿನಲ್ಲಿ. ದುಡಿದವನೊಬ್ಬ, ಮುಖಪುಟದ ಹೆಸರು ಇನ್ನೊಬ್ಬನದು. ಝೆಂಗ್‌ನ ಕೆಲಸಕ್ಕೂ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. ಕಿರ್ಖರ್ 1667ರಲ್ಲಿ ಪ್ರಕಟಿಸಿದ ಚೀನವನ್ನು ಕುರಿತ ಗ್ರಂಥದಲ್ಲಿ ಪ್ರಾಚೀನ ಚೀನೀ ಶಿಲಾಶಾಸನವೊಂದರ ಪಾಠ ಅಚ್ಚಾಗಲು ಬೊಯಿಮ್‌ನ ಜೊತೆಗೆ ಈ ತರುಣನ ಶ್ರಮವೂ ಕಾರಣ.

1656ರ ಮಾರ್ಚಿಯಲ್ಲಿ ಇಬ್ಬರೂ ಲಿಸ್ಬನ್ನಿನಿಂದ ಹಿಂದಿರುಗಿ ಹೊರಟರು. ಜೊತೆಗೆ ಹೊರಟ ಎಂಟು ಮಂದಿ ಪಾದ್ರಿಗಳಲ್ಲಿ ನಾಲ್ವರು ದಾರಿಯಲ್ಲಿಯೇ ಸತ್ತರು. ಗೋವೆಯಲ್ಲಿ ಮತ್ತೆ ಅದೇ ತಡೆ, ಅದೇ ಉತ್ತರ: ಮಕಾವಿಗೆ ಹೋಗಕೂಡದು. ಬೊಯಿಮ್ ಮತ್ತೆ ಬಂದರಕ್ಕೆ ಬೆನ್ನು ಮಾಡಿ ನೆಲದ ಹಾದಿಯನ್ನು ಹಿಡಿದನು. 1658ರ ಆರಂಭದಲ್ಲಿ ಸಯಾಮಿನ ರಾಜಧಾನಿ ಅಯುತ್ಥಯವನ್ನು ಮುಟ್ಟಿ, ಕಡಲ್ಗಳ್ಳರಿಂದ ಹಡಗೊಂದನ್ನು ಬಾಡಿಗೆಗೆ ಪಡೆದು ಇಂದಿನ ಉತ್ತರ ವಿಯೆಟ್ನಾಮಿಗೆ ಹೋದನು. ಗಡಿ ದಾಟಿಸುವ ದಾರಿಗನೊಬ್ಬನೂ ಅಲ್ಲಿ ಸಿಕ್ಕಲಿಲ್ಲ. ಝೆಂಗ್ ಒಬ್ಬನೇ ಜೊತೆಗಾರನಾಗಿ ಗುವಾಂಗ್‌ಶಿ ಪ್ರಾಂತವನ್ನು ಹೊಕ್ಕ ಬೊಯಿಮ್ 1659ರಲ್ಲಿ ಅಲ್ಲಿಯೇ ತೀರಿಕೊಂಡನು. ಪೋಪ್ ಗುರುವಿನ ಉತ್ತರ ಚಕ್ರವರ್ತಿಯ ಕೈಸೇರಲಿಲ್ಲ. ಬರ್ಮಾ ದೇಶಕ್ಕೆ ಓಡಿಹೋಗಿದ್ದ ಯುಂಗ್ಲಿ ಮಂಚೂಗಳ ವಶವಾಗಿ 1662ರಲ್ಲಿ ಕೊಲ್ಲಲ್ಪಟ್ಟನು. ಘಟ್ಟವನ್ನೇರಿ ಕನ್ನಡ ನಾಡನ್ನು ದಾಟಿ ಹೋದ ರಾಜಮಾತೆಯ ರೇಷ್ಮೆಯ ಪತ್ರ ಮಾತ್ರ ವ್ಯಾಟಿಕನ್ನಿನ ಪತ್ರಾಗಾರದಲ್ಲಿ ಇಂದಿಗೂ ಉಳಿದಿದೆ.