ನೆಲದ ನಿಕ್ಷೇಪ ಮತ್ತು ಶೋಧಕನ ಧರ್ಮ

ಕನ್ನಡ ನಾಡಿನ ದಾನಶಾಸನಗಳನ್ನು ಓದುವವರಿಗೆ ಅಷ್ಟಭೋಗಗಳ ಹೆಸರು ಚಿರಪರಿಚಿತವಾದುದು. ಬಸದಿಗಾಗಲಿ, ದೇಗುಲಕ್ಕಾಗಲಿ, ಅಗ್ರಹಾರಕ್ಕಾಗಲಿ ಭೂಮಿಯನ್ನು ಧಾರೆಯೆರೆದು ಕೊಡುವಾಗ, ನೆಲದ ಮೇಲಣ ಬೆಳೆಯೊಡನೆ ನೆಲದೊಳಗಣ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದವುಗಳ ಹಕ್ಕನ್ನೂ ಹೆಸರಿಸಿ ಒಪ್ಪಿಸುವ ವಾಡಿಕೆ ಅಂದು ಇತ್ತು. ಮಣ್ಣಿನಲ್ಲಿ ಹುದುಗಿದ ಧನವು ಕಂಡವನ ಪಾಲು ಎಂಬ ಭಾವನೆಗೆ ಆ ವ್ಯವಸ್ಥೆಯಲ್ಲಿ ಎಡೆಯಿರಲಿಲ್ಲ. ಕಣ್ಣಿಗೆ ಕಾಣದ ವಸ್ತುವಿಗೂ ಒಡೆತನವುಂಟು ಎಂಬುದೇ ಅದರ ತಾತ್ಪರ್ಯ.

ಶ್ರಾವಕಧರ್ಮದ ದೃಷ್ಟಿ ಇದಕ್ಕಿಂತಲೂ ಸೂಕ್ಷ್ಮವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ನಿರೂಪಿಸುವಾಗ, ಪರರ ಸೊತ್ತು ಎದುರಾಗುವ ಮೂರು ಬಗೆಗಳನ್ನು ಹೇಳಿದ್ದಾರೆ: ಇಟ್ಟದ್ದು, ಬಿದ್ದದ್ದು, ಮರೆತದ್ದು. ಒಡೆಯನು ಕೊಡದೆ ಇವುಗಳಲ್ಲಿ ಯಾವುದನ್ನೂ ತಾನು ತೆಗೆದುಕೊಳ್ಳಬಾರದು, ಇನ್ನೊಬ್ಬರಿಗೆ ಎತ್ತಿ ಕೊಡಲೂ ಬಾರದು. ಪಾಳುಬಿದ್ದ ನೆಲದಲ್ಲಿ ಹಳೆಯ ನಾಣ್ಯವನ್ನೂ ಒಡವೆಯನ್ನೂ ಯಂತ್ರ ಹಿಡಿದು ಅರಸುವ ಪ್ರವೃತ್ತಿ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ ಬೆಳೆದಾಗ, ಪಾಶ್ಚಾತ್ಯ ದೇಶಗಳ ನ್ಯಾಯಶಾಸ್ತ್ರವು ಎದುರಿಸಬೇಕಾಗಿ ಬಂದ ಪ್ರಶ್ನೆಯೂ ಇದೇ ಆಗಿತ್ತು.

ಲೋಹಶೋಧಕ ಯಂತ್ರದ ಉದಯ

1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರು ಗುಂಡೇಟಿಗೆ ಈಡಾದಾಗ, ದೂರವಾಣಿಯ ನಿರ್ಮಾತೃವಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ವಿದ್ಯುತ್ಪ್ರೇರಣೆಯ ತತ್ತ್ವದಿಂದ ಸಾಧನವೊಂದನ್ನು ರಚಿಸಿ, ದೇಹದೊಳಗೆ ನೆಟ್ಟಿದ್ದ ಗುಂಡನ್ನು ಗುರುತಿಸಲು ಯತ್ನಿಸಿದರು. ಯತ್ನ ಕೈಗೂಡಲಿಲ್ಲ, ತತ್ತ್ವ ಉಳಿಯಿತು. 1937ರಲ್ಲಿ ಗೆರ್ಹಾರ್ಡ್ ಫಿಷರ್ ಎಂಬವರಿಗೆ ಅಮೆರಿಕದಲ್ಲಿ ಲೋಹಶೋಧಕ ಯಂತ್ರಕ್ಕೆ ಪೇಟೆಂಟ್ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಕೊಸಾಟ್ಸ್ಕಿ ರೂಪಿಸಿದ ಯಂತ್ರವು 1942ರ ಎಲ್ ಅಲಮೈನ್ ಕದನದಲ್ಲಿ ನೆಲಬಾಂಬುಗಳನ್ನು ಪತ್ತೆಹಚ್ಚಿ ಅನೇಕ ಪ್ರಾಣಗಳನ್ನು ಉಳಿಸಿತು. ಯುದ್ಧಾನಂತರ ಟ್ರಾನ್ಸಿಸ್ಟರುಗಳು ಬಂದು ಯಂತ್ರವು ಹಗುರವೂ ಅಗ್ಗವೂ ಆದ ಮೇಲೆ, 1960 ಮತ್ತು 1970ರ ದಶಕಗಳಲ್ಲಿ ಅದು ಹವ್ಯಾಸಿಗಳ ಕೈ ಸೇರಿತು.

ಇದರ ಕಾರ್ಯವಿಧಾನ ಸರಳವಾದುದು. ಸುರುಳಿಯಾಕಾರದ ತಂತಿಯಲ್ಲಿ ಪರ್ಯಾಯ ವಿದ್ಯುತ್ತು ಹರಿದಾಗ ಸುತ್ತಲೂ ಅಯಸ್ಕಾಂತ ಕ್ಷೇತ್ರವು ಏರ್ಪಡುತ್ತದೆ. ನೆಲದೊಳಗೆ ಲೋಹವಿದ್ದರೆ ಅದರಲ್ಲಿಯೂ ವಿದ್ಯುತ್ತು ಪ್ರೇರಿತವಾಗಿ ಪ್ರತಿಕ್ಷೇತ್ರವನ್ನು ಉಂಟುಮಾಡುತ್ತದೆ. ಆ ವ್ಯತ್ಯಾಸವೇ ಶೋಧಕನ ಕಿವಿಗೆ ಧ್ವನಿಯಾಗಿ ಕೇಳುತ್ತದೆ. ಒಂಟಿ ನಾಣ್ಯವಾದರೆ ಸುಮಾರು ಒಂದು ಗೇಣು ಆಳದವರೆಗೆ ಮಾತ್ರ ಸಾಮಾನ್ಯ ಯಂತ್ರಕ್ಕೆ ನಿಲುಕೀತು. ಮುಖ್ಯವಾದ ಅಂಶವೆಂದರೆ, ಈ ಯಂತ್ರವು ಲೋಹವನ್ನಲ್ಲದೆ ಬೇರೇನನ್ನೂ ಅರಿಯದು. ನಾಣ್ಯವಿದ್ದ ಮಡಕೆ, ಮಡಕೆಯಿದ್ದ ಗೋಡೆಯ ಬುಡ, ಗೋಡೆಯ ಬಳಿಯ ಬೂದಿ, ಮಣ್ಣಿನ ಪದರಗಳು, ಇವೆಲ್ಲಕ್ಕೂ ಅದು ಕಿವುಡು. ಇತಿಹಾಸಕಾರನಿಗೆ ಬೇಕಾದ ಸಾಕ್ಷ್ಯವೆಲ್ಲ ಬಹುಮಟ್ಟಿಗೆ ಇವುಗಳಲ್ಲಿಯೇ ಇರುತ್ತದೆ.

ವಾನ್‌ಬರೋ: ಸೂರೆಗೊಂಡ ದೇವಾಲಯ

ಇಂಗ್ಲೆಂಡಿನ ಸರ್ರೆ ಪ್ರಾಂತದ ವಾನ್‌ಬರೋ ಎಂಬಲ್ಲಿ ಹೊಲವೊಂದರ ಅಡಿಯಲ್ಲಿ ರೋಮನ್ನರ ಕಾಲದ ದೇವಾಲಯದ ನೆಲೆಯಿತ್ತು. ಹೊರಗೆ ಅದರ ಕುರುಹೇನೂ ಕಾಣುತ್ತಿರಲಿಲ್ಲ. 1983ರಲ್ಲಿ ಇಬ್ಬರು ಹವ್ಯಾಸಿಗಳು ಅಲ್ಲಿ ಪ್ರಾಚೀನ ನಾಣ್ಯಗಳನ್ನು ಕಂಡು, ಪ್ರಾಮಾಣಿಕರಾಗಿ ವಸ್ತುಸಂಗ್ರಹಾಲಯಕ್ಕೆ ತಿಳಿಸಿದರು. ಆದರೆ ಮುಂದಿನ ವಿಚಾರಣೆಯ ಸಂದರ್ಭದಲ್ಲಿ ಆ ಸ್ಥಳದ ಗುರುತು ಬಹಿರಂಗವಾಯಿತು. ಅನಂತರ ರಾತ್ರಿ ವೇಳೆಯಲ್ಲಿ ಯಂತ್ರ ಹಿಡಿದವರು ಹಿಂಡುಹಿಂಡಾಗಿ ಬಂದು ಆ ಹೊಲವನ್ನು ಗುಂಡಿಗಳಿಂದ ತುಂಬಿದರು. ರೋಮನ್ನರ ಆಳ್ವಿಕೆಗೂ ಮೊದಲಿನ ಸ್ಥಳೀಯ ಅರಸರು ಟಂಕಿಸಿದ ಸಾವಿರಾರು ಚಿನ್ನ ಬೆಳ್ಳಿಯ ನಾಣ್ಯಗಳು ದೇಶವಿದೇಶಗಳ ಮಾರುಕಟ್ಟೆಗಳಿಗೆ ಹರಿದುಹೋದವು. ಅಧಿಕಾರಿಗಳ ಕೈಗೆ ಮರಳಿದುದು ಅದರಲ್ಲೊಂದು ಅಂಶ ಮಾತ್ರ. 1985ರಲ್ಲಿ ವಿದ್ವಾಂಸರು ತರಾತುರಿಯಿಂದ ನಡೆಸಿದ ಉತ್ಖನನದಲ್ಲಿ ದೇವಾಲಯದ ತಳಪಾಯವೂ, ಅರ್ಚಕರು ಧರಿಸುತ್ತಿದ್ದ ಸರಪಣಿಯ ಶಿರೋಭೂಷಣಗಳೂ ದೊರೆತವು. ನಾಣ್ಯಗಳು ಆ ದೇವಾಲಯಕ್ಕೆ ಹೇಗೆ ಸಂಬಂಧಿಸಿದ್ದವು, ಎಷ್ಟು ಕಾಲದಲ್ಲಿ ಸಮರ್ಪಿತವಾದವು ಎಂಬುದನ್ನು ಹೇಳಬಲ್ಲ ಮಣ್ಣು ಅಷ್ಟರಲ್ಲಿ ಕದಡಿಹೋಗಿತ್ತು.

ಅಂದಿನ ಇಂಗ್ಲೆಂಡಿನ ಕಾನೂನು ಈ ಸೂರೆಯ ಮುಂದೆ ದುರ್ಬಲವಾಗಿ ನಿಂತುದಕ್ಕೆ ಒಂದು ವಿಚಿತ್ರ ಕಾರಣವಿತ್ತು. ಮರಳಿ ತೆಗೆದುಕೊಳ್ಳುವ ಉದ್ದೇಶದಿಂದ ಬಚ್ಚಿಟ್ಟ ಚಿನ್ನ ಬೆಳ್ಳಿ ಮಾತ್ರವೇ ನಿಧಿಯೆನಿಸಿ ಪ್ರಭುತ್ವಕ್ಕೆ ಸೇರುತ್ತಿತ್ತು. ದೇವರಿಗೆ ಅರ್ಪಿಸಿದುದನ್ನು ಯಾರೂ ಮರಳಿ ಪಡೆಯಲು ಇಡುವುದಿಲ್ಲ. ಆದುದರಿಂದ ಕಾಣಿಕೆಯ ಹಣವು ಆ ವ್ಯಾಖ್ಯೆಯಿಂದ ಹೊರಗುಳಿಯಬಹುದಾಗಿತ್ತು. ಜಿಪುಣನು ಹೂತಿಟ್ಟ ಹಣಕ್ಕೆ ರಕ್ಷಣೆಯುಂಟು, ಭಕ್ತನು ಅರ್ಪಿಸಿದ ಹಣಕ್ಕೆ ಇಲ್ಲ ಎಂಬಂತಾಯಿತು. ಈ ಅನ್ಯಾಯವನ್ನು ಕಂಡು ಸರ್ರೆಯ ಪುರಾತತ್ತ್ವ ಸಂಘವು ಹೊಸ ಕಾನೂನಿಗಾಗಿ ಪಟ್ಟುಹಿಡಿದು ಶ್ರಮಿಸಿತು.

ಹಾಕ್ಸನ್: ತಾಳ್ಮೆಯ ಫಲ

ಇದಕ್ಕೆ ಪ್ರತಿಯಾದ ನಿದರ್ಶನವೂ ಅದೇ ದೇಶದಲ್ಲಿ ದೊರೆಯುತ್ತದೆ. 1992ರ ನವೆಂಬರ್ 16ರಂದು ಸಫೋಕ್ ಪ್ರಾಂತದ ಹಾಕ್ಸನ್ ಗ್ರಾಮದಲ್ಲಿ ರೈತನೊಬ್ಬನು ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಿಕೊಡಲು ಅವನ ಮಿತ್ರನಾದ ನಿವೃತ್ತ ತೋಟಗಾರನು ತನ್ನ ಯಂತ್ರವನ್ನು ಹಿಡಿದು ಹೊರಟನು. ಸುತ್ತಿಗೆಗೆ ಬದಲಾಗಿ ಬೆಳ್ಳಿಯ ಚಮಚಗಳೂ ಚಿನ್ನದ ಸರಗಳೂ ನಾಣ್ಯಗಳೂ ಕಂಡುಬಂದವು. ಸ್ವಲ್ಪ ಅಗೆದೊಡನೆ ಅದರ ಮಹತ್ತ್ವವನ್ನು ಅರಿತ ಆತನು ಕೈಯನ್ನು ತಡೆದು, ಉಳಿದುದನ್ನು ಇದ್ದಲ್ಲಿಯೇ ಬಿಟ್ಟು, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದನು. ಮರುದಿನವೇ ಪುರಾತತ್ತ್ವಜ್ಞರು ಗುಟ್ಟಾಗಿ ಬಂದು, ವಸ್ತುಗಳನ್ನು ಮಣ್ಣಿನ ಹೆಂಟೆಗಳ ಸಮೇತ ಎತ್ತಿ, ಪ್ರಯೋಗಶಾಲೆಯಲ್ಲಿ ಬಿಡಿಸಿದರು.

ಅಲ್ಲಿ ದೊರೆತ ನಾಣ್ಯಗಳು 14,865. ಅವುಗಳಲ್ಲಿ 569 ಚಿನ್ನದವು, 14,272 ಬೆಳ್ಳಿಯವು, 24 ಕಂಚಿನವು. ಇವಲ್ಲದೆ ಚಿನ್ನದ ಆಭರಣಗಳು 29. ಕೈ ತಡೆದುದರ ಫಲವಾಗಿ ತಿಳಿದುಬಂದ ಸಂಗತಿಗಳು ಇನ್ನೂ ಬೆಲೆಯುಳ್ಳವು. ಎಲ್ಲವನ್ನೂ ಓಕ್ ಮರದ ಪೆಟ್ಟಿಗೆಯೊಂದರಲ್ಲಿ ಇಡಲಾಗಿತ್ತು. ಅದರೊಳಗೆ ಬೆಳ್ಳಿಯ ಬೀಗಗಳಿದ್ದ ಚಿಕ್ಕ ಕರಂಡಕಗಳಿದ್ದವು. ಪಾತ್ರೆಗಳು ಉಜ್ಜಿ ಸವೆಯದಂತೆ ನಡುವೆ ಹುಲ್ಲನ್ನು ಇರಿಸಲಾಗಿತ್ತು. ಕೊನೆಯ ನಾಣ್ಯಗಳ ಕಾಲ ಕ್ರಿ.ಶ. 407–408. ರೋಮನ್ ಪ್ರಭುತ್ವವು ಬ್ರಿಟನ್ನಿನಲ್ಲಿ ಕುಸಿಯುತ್ತಿದ್ದ ಆ ದಿನಗಳಲ್ಲಿ ಸಿರಿವಂತ ಕುಟುಂಬವೊಂದು ಮರಳಿ ಬರುವೆವೆಂಬ ನಂಬಿಕೆಯಿಂದ ಇದನ್ನು ಜೋಪಾನವಾಗಿ ಹೂತಿಟ್ಟಿತು. ಮರಳಿ ಬರಲೇ ಇಲ್ಲ. ಚಿನ್ನದ ಕಡಗವೊಂದರ ಮೇಲೆ ಜೂಲಿಯಾನಾ ಎಂಬ ಮಹಿಳೆಯ ಹೆಸರಿನೊಡನೆ ಶುಭ ಹಾರೈಕೆಯ ಅಕ್ಷರಗಳಿವೆ.

ಈ ನಿಧಿಗೆ ದಕ್ಷಿಣ ಭಾರತದ ನಂಟೂ ಉಂಟು. ಮೆಣಸಿನ ಪುಡಿಯನ್ನು ಇಡುವ ನಾಲ್ಕು ಬೆಳ್ಳಿಯ ಸಂಪುಟಗಳು ಅದರಲ್ಲಿದ್ದವು. ಒಂದು ರೋಮನ್ ಮಹಿಳೆಯ ಅರ್ಧಪ್ರತಿಮೆಯ ಆಕಾರದ್ದು. ಅಂದು ಕರಿಮೆಣಸು ಬೆಳೆಯುತ್ತಿದ್ದುದು ಪಶ್ಚಿಮ ಘಟ್ಟಗಳ ಮಳೆಗಾಡಿನಲ್ಲಿ. ಅಲ್ಲಿಂದ ಹಡಗನ್ನೇರಿದ ಕಾಳು ಬ್ರಿಟನ್ನಿನ ಊಟದ ಮೇಜನ್ನು ಮುಟ್ಟಿತ್ತು. ಅದಕ್ಕೆ ಪ್ರತಿಯಾಗಿ ರೋಮಿನ ಚಿನ್ನ ಬೆಳ್ಳಿ ಭಾರತಕ್ಕೆ ಬಂದುದಕ್ಕೆ ದಕ್ಷಿಣಾಪಥದಲ್ಲಿ ದೊರೆತ ನಾಣ್ಯಗಳೇ ಸಾಕ್ಷಿ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ಶಾತವಾಹನರ ನಾಣ್ಯಗಳೂ ದೊರೆತಿವೆ. 1947ರಲ್ಲಿ ಮಾರ್ಟಿಮರ್ ವೀಲರರು ಅಲ್ಲಿ ಪದರ ಪದರವಾಗಿ ಉತ್ಖನನ ನಡೆಸಿ, ಇಂಥ ನಾಣ್ಯಗಳ ಆಧಾರದಿಂದ ಅಲ್ಲಿನ ಮಡಕೆಚೂರುಗಳ ಕಾಲವನ್ನು ನಿರ್ಣಯಿಸಲು ಸಾಧ್ಯವಾಯಿತು. ಅದೇ ನಾಣ್ಯವನ್ನು ಯಾರಾದರೂ ಇರುಳಿನಲ್ಲಿ ಕಿತ್ತು ಅಕ್ಕಸಾಲಿಗನಿಗೆ ಮಾರಿದ್ದರೆ ಅದು ಒಂದು ಚೂರು ಬೆಳ್ಳಿಯಾಗಿ ಉಳಿಯುತ್ತಿತ್ತು.

ಹಾಕ್ಸನ್ ನಿಧಿಯ ಮೌಲ್ಯವನ್ನು 17,50,000 ಪೌಂಡೆಂದು ನಿರ್ಧರಿಸಿ, ಆ ಮೊತ್ತವನ್ನು ಶೋಧಕನಿಗೆ ಬಹುಮಾನವಾಗಿ ಕೊಡಲಾಯಿತು. ಅವನು ಅದನ್ನು ಹೊಲದ ರೈತನೊಡನೆ ಹಂಚಿಕೊಂಡನು. ಮುಂದೆ ದೊರೆತ ಆ ಸುತ್ತಿಗೆಯೂ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು. 1996ರಲ್ಲಿ ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದ ನಿಧಿ ಕಾಯಿದೆಯು, ಇಟ್ಟವನ ಉದ್ದೇಶವನ್ನು ಹುಡುಕುವ ಹಳೆಯ ಕಟ್ಟಳೆಯನ್ನು ಕೈಬಿಟ್ಟಿತು. ಒಂಟಿಯಾಗಿ ಬಿದ್ದು ಸಿಕ್ಕುವ ಚಿಕ್ಕಪುಟ್ಟ ವಸ್ತುಗಳನ್ನೂ ಸ್ಥಳಸಮೇತ ದಾಖಲಿಸುವ ಯೋಜನೆ 1997ರಲ್ಲಿ ಆರಂಭವಾಗಿ, 2014ರ ವೇಳೆಗೆ ಅದರ ದಾಖಲೆ ಹತ್ತು ಲಕ್ಷ ವಸ್ತುಗಳನ್ನು ಮುಟ್ಟಿತು.

ಭಾರತದ ಕಾನೂನು ಮತ್ತು ಜಿನಬಿಂಬಗಳ ನಿಕ್ಷೇಪಗಳು

ಭಾರತದಲ್ಲಿ ಈ ವಿಷಯವಾಗಿ 1878ರಷ್ಟು ಹಿಂದೆಯೇ ನಿಧಿ ಕಾಯಿದೆಯೊಂದು ರಚಿತವಾಯಿತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ನಿಧಿ ಸಿಕ್ಕಿದರೆ ಕಂಡವನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸತಕ್ಕದ್ದೆಂದೂ, ಮುಚ್ಚಿಟ್ಟರೆ ಶಿಕ್ಷೆಯೆಂದೂ ಅದು ವಿಧಿಸಿತು. ಕರ್ನಾಟಕದಲ್ಲಿ 1962ರಲ್ಲಿ ರಾಜ್ಯದ್ದೇ ಆದ ಕಾಯಿದೆಯು ಬಂದಿತು. ಸಂರಕ್ಷಿತ ಸ್ಮಾರಕಗಳನ್ನು 1958ರ ಕೇಂದ್ರ ಕಾಯಿದೆಯೂ, ಪ್ರಾಚ್ಯವಸ್ತುಗಳ ವ್ಯಾಪಾರ ಮತ್ತು ಸಾಗಣೆಯನ್ನು 1972ರ ಕಾಯಿದೆಯೂ ನಿಯಂತ್ರಿಸುತ್ತವೆ.

ನೆಲದಿಂದ ಸುರಕ್ಷಿತವಾಗಿ ಹೊರಬಂದ ನಿಕ್ಷೇಪಗಳಿಂದ ಜೈನ ಇತಿಹಾಸಕ್ಕೆ ಆಗಿರುವ ಲಾಭ ಅಪಾರ. ಬಿಹಾರದ ಚೌಸಾದಲ್ಲಿ ದೊರೆತ 18 ಕಂಚಿನ ವಸ್ತುಗಳಲ್ಲಿ 16 ತೀರ್ಥಂಕರ ಬಿಂಬಗಳು. ಉಳಿದೆರಡು ಧರ್ಮಚಕ್ರ ಮತ್ತು ಕಲ್ಪವೃಕ್ಷ. ಗುಜರಾತಿನ ಬರೋಡೆಯ ಬಳಿಯ ಅಕೋಟದಲ್ಲಿ 1951ರಲ್ಲಿ ದೊರೆತ 68 ಕಂಚಿನ ಜೈನ ವಸ್ತುಗಳನ್ನು ಡಾ. ಯು. ಪಿ. ಶಾ ಅವರು ಅಧ್ಯಯನ ಮಾಡಿ 1959ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅವುಗಳಲ್ಲಿ ಎರಡರ ಮೇಲಿನ ಬರಹದಲ್ಲಿ ಜಿನಭದ್ರ ವಾಚನಾಚಾರ್ಯರ ಹೆಸರಿದೆ. ಈ ಬಿಂಬಗಳು ಕರಗಿಸುವ ಮೂಸೆಗೆ ಬಿದ್ದಿದ್ದರೆ ತೂಕಕ್ಕೆ ತಕ್ಕ ತಾಮ್ರದ ಬೆಲೆ ಬರುತ್ತಿತ್ತು. ಆಚಾರ್ಯರ ಹೆಸರು ಬರುತ್ತಿರಲಿಲ್ಲ.

ಪಾಳು ಬಸದಿಗಳ ಹೊಣೆ

ಕರ್ನಾಟಕದಲ್ಲಿ ಜನವಸತಿಯಿಲ್ಲದೆ ಬೇಚರಾಕು ಎನಿಸಿದ ಗ್ರಾಮಗಳು ಅನೇಕ. ಅಂಥ ಹಾಳೂರುಗಳಲ್ಲಿ ಬಸದಿಯ ಅಧಿಷ್ಠಾನ, ಮಾನಸ್ತಂಭದ ತುಂಡು, ಓರೆಯಾಗಿ ನಿಂತ ನಿಸಿಧಿಗಲ್ಲು ಮುಳ್ಳುಪೊದೆಗಳ ನಡುವೆ ಉಳಿದಿರುತ್ತವೆ. ನಿಧಿಗಳ್ಳರ ಕಣ್ಣು ಮೊದಲು ಬೀಳುವುದು ಅಲ್ಲಿಯೇ. ಪ್ರತಿಷ್ಠೆಯ ಕಾಲದಲ್ಲಿ ಪೀಠದ ಅಡಿಯಲ್ಲಿ ರತ್ನ, ಲೋಹಖಂಡ, ನಾಣ್ಯಗಳನ್ನಿಡುವ ಪದ್ಧತಿ ಭಾರತೀಯ ದೇವಾಲಯ ಪರಂಪರೆಯಲ್ಲಿ ಉಂಟು. ಅದು ಮಂಗಳಾರ್ಥವಾಗಿ ಇಟ್ಟ ಅಲ್ಪ ದ್ರವ್ಯವೇ ಹೊರತು ಕೊಪ್ಪರಿಗೆಯ ಹೊನ್ನಲ್ಲ. ಇದನ್ನರಿಯದವರು ಗುಂಜಿ ತೂಕದ ಚಿನ್ನಕ್ಕಾಗಿ ಸಹಸ್ರ ವರ್ಷದ ಬಿಂಬವನ್ನು ಉರುಳಿಸುತ್ತಾರೆ. ಅಲ್ಲಿ ಇಟ್ಟದ್ದು ಬಿದ್ದುದೂ ಅಲ್ಲ, ಮರೆತುದೂ ಅಲ್ಲ. ಮರಳಿ ಬೇಡದೆ ಕೊಟ್ಟುಬಿಟ್ಟದ್ದು. ವಾನ್‌ಬರೋದಲ್ಲಿ ಕಾನೂನು ಕಾಣದೆ ಹೋದ ಸೂಕ್ಷ್ಮವು ಇದೇ ಆಗಿತ್ತು.

ಜೀರ್ಣೋದ್ಧಾರಕ್ಕೆ ಕೈಹಾಕುವ ಸಮಿತಿಗಳ ಮೇಲೆಯೂ ಇಂಥದೇ ಹೊಣೆಯಿದೆ. ಪಾಯ ತೋಡುವಾಗ ಗುದ್ದಲಿಗೆ ಲೋಹ ತಾಗಿದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು. ವಸ್ತುವನ್ನು ಅಲುಗಿಸದೆ ಅದಿರುವ ಸ್ಥಿತಿಯಲ್ಲಿಯೇ ಭಾವಚಿತ್ರ ತೆಗೆದು, ಆಳವನ್ನೂ ದಿಕ್ಕನ್ನೂ ಬರೆದಿಟ್ಟು, ಜಿಲ್ಲಾಧಿಕಾರಿಗಳಿಗೂ ಪುರಾತತ್ತ್ವ ಇಲಾಖೆಗೂ ತಿಳಿಸತಕ್ಕದ್ದು. ಭಕ್ತಿಯ ಭರದಲ್ಲಿ ಹುಣಸೆಹುಳಿಯಿಂದ ತಿಕ್ಕಿ ಬೆಳಗುವುದಂತೂ ಸಲ್ಲದು. ಕಿಲುಬಿನ ಅಡಿಯಲ್ಲಿ ದಾನಿಯ ಹೆಸರೋ ಗುರುಪರಂಪರೆಯ ಉಲ್ಲೇಖವೋ ಅಡಗಿರಬಹುದು. ಒಮ್ಮೆ ಸವೆದ ಅಕ್ಷರವನ್ನು ಯಾವ ಯಂತ್ರವೂ ಮರಳಿ ತಂದುಕೊಡದು.

ಲೋಹಶೋಧಕ ಯಂತ್ರವು ಸ್ವತಃ ನಿರ್ದೋಷಿ. ಅದೇ ಯಂತ್ರ ಎಲ್ ಅಲಮೈನಿನಲ್ಲಿ ಪ್ರಾಣರಕ್ಷಣೆ ಮಾಡಿತು, ವಾನ್‌ಬರೋದಲ್ಲಿ ದೇವಾಲಯವನ್ನು ಬರಿದು ಮಾಡಿತು, ಹಾಕ್ಸನ್ನಿನಲ್ಲಿ ಒಂದು ಯುಗದ ಅಂತ್ಯವನ್ನು ತಿಳಿಸಿಕೊಟ್ಟಿತು. ಅದು ಧ್ವನಿಗೈದ ಮರುಕ್ಷಣದಲ್ಲಿ ಮನುಷ್ಯನ ಕೈ ಏನು ಮಾಡುತ್ತದೆ ಎಂಬುದರ ಮೇಲೆ ಫಲವು ನಿಂತಿದೆ. ಆ ತೋಟಗಾರನಿಗೆ ಅಣುವ್ರತದ ಹೆಸರು ತಿಳಿದಿರಲಾರದು. ಆದರೂ ಕಂಡದ್ದನ್ನು ಇದ್ದಲ್ಲಿಯೇ ಬಿಟ್ಟು ನಿಂತ ಆ ಗಳಿಗೆಯಲ್ಲಿ ಅವನು ಅದನ್ನು ಆಚರಿಸಿದನು. ಹುಟ್ಟಿನಿಂದಲೇ ಆ ವ್ರತದ ಹೆಸರನ್ನು ಕೇಳುತ್ತ ಬೆಳೆದ ಶ್ರಾವಕರ ಊರುಗಳಲ್ಲಿ, ಪಾಳು ಬಸದಿಯ ನೆಲದೊಳಗಣ ಕಾಣಿಕೆಯು ಹೊಸ ಬಸದಿಯ ಭಂಡಾರದಷ್ಟೇ ಕ್ಷೇಮವಾಗಿ ಉಳಿಯತಕ್ಕದ್ದು.