ಜಮಖಂಡಿ–ಮುಧೋಳ ಸಂಸ್ಥಾನಗಳು: ಮಾನ್ಯತೆ ಮತ್ತು ವಿಲೀನ

ಜಮಖಂಡಿ, ಮುಧೋಳ ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿದ್ದ ಎರಡು ದೇಶೀ ಸಂಸ್ಥಾನಗಳು. ಜಮಖಂಡಿಯನ್ನು ಪಟವರ್ಧನರು, ಮುಧೋಳವನ್ನು ಘೋರ್ಪಡೆಯವರು ಆಳುತ್ತಿದ್ದರು. 20ನೆಯ ಶತಮಾನದ ಆರಂಭದಲ್ಲಿ ಇವುಗಳ ವಿಸ್ತೀರ್ಣ ಕ್ರಮವಾಗಿ 524 ಮತ್ತು 368 ಚದರ ಮೈಲಿ. ಸೀಮೆಗಳು ಒಂದರೊಳಗೊಂದು ಸೇರಿಕೊಂಡಿದ್ದವು. ರಬಕವಿ ಸಾಂಗ್ಲಿ ಸಂಸ್ಥಾನದ್ದು, ಅದರ ಮಗ್ಗುಲಲ್ಲೇ ಇರುವ ಬನಹಟ್ಟಿ ಜಮಖಂಡಿಯದು, ಮಹಾಲಿಂಗಪುರ ಮುಧೋಳದ್ದು. ನೇಕಾರರ ಈ ಮೂರು ಊರು ಸುತ್ತಿ ಬಂದವನು ಮೂವರು ರಾಜರ ಸೀಮೆ ತುಳಿದಿರುತ್ತಿದ್ದ.

ಬ್ರಿಟಿಷರು ಹೊರಟಾಗ ಇಂಥ ಸಂಸ್ಥಾನಗಳ ಗತಿ ಏನೆಂಬ ಪ್ರಶ್ನೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ 1947ರ ಜುಲೈಯಲ್ಲಿ ಚರ್ಚೆಗೆ ಬಂತು. ಭಾರತ ಸ್ವಾತಂತ್ರ್ಯ ಮಸೂದೆಯ ಪ್ರಕಾರ ಸಂಸ್ಥಾನಗಳ ಮೇಲಿನ ಬ್ರಿಟಿಷ್ ಪರಮಾಧಿಕಾರ ಕೊನೆಗೊಳ್ಳುತ್ತಿತ್ತು. ಕಾನೂನಿನ ಲೆಕ್ಕದಲ್ಲಿ ಅವು ಸ್ವತಂತ್ರ. ಆದರೆ ಅವು ಭಾರತ ಇಲ್ಲವೇ ಪಾಕಿಸ್ತಾನದಲ್ಲಿ ಜಾಗ ಕಂಡುಕೊಳ್ಳಲಿ ಎಂದು ಪ್ರಧಾನಿ ಆಟ್ಲಿ ಜುಲೈ 10ರಂದು ಆಶಿಸಿದರು. ಯಾವ ಸಂಸ್ಥಾನವನ್ನೂ ಪ್ರತ್ಯೇಕ ಅಂತರರಾಷ್ಟ್ರೀಯ ಘಟಕವೆಂದು ಮಾನ್ಯ ಮಾಡುವ ವಿಚಾರವಿಲ್ಲವೆಂದು ಭಾರತ ಮಂತ್ರಿ ಲಿಸ್ಟೋವೆಲ್ ಲಾರ್ಡ್ಸ್ ಸಭೆಯಲ್ಲಿ ತಿಳಿಸಿದರು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದಂತಾಯಿತು. ತಿರುವಾಂಕೂರು, ಹೈದರಾಬಾದುಗಳು ಆಗಲೇ ಸ್ವತಂತ್ರವಾಗಿ ಉಳಿಯುವ ಮಾತಾಡಿದ್ದವು.

ಕೃಷ್ಣಾ–ಘಟಪ್ರಭಾ ನಡುವಿನ ಈ ಪುಟ್ಟ ಸಂಸ್ಥಾನಗಳಿಗೆ ಆ ಹುಮ್ಮಸ್ಸಿಗೆ ಆಸ್ಪದವಿರಲಿಲ್ಲ. ಇಲ್ಲಿನ ನಿಜವಾದ ಪ್ರಶ್ನೆ ಯಾರೊಡನೆ ಕೂಡುವುದು ಎಂಬುದು. ಸಾಂಗ್ಲಿ, ರಾಮದುರ್ಗ, ಔಂಧ್ ಮೊದಲಾದ ಎಂಟು ಸಂಸ್ಥಾನಗಳು ಸಂಯುಕ್ತ ದಖ್ಖನ ರಾಜ್ಯ ಕಟ್ಟಲು ಹೊರಟಿದ್ದವು. ಅವುಗಳಲ್ಲಿ ಹೆಚ್ಚಿನವು ಮರಾಠಿ ಸೀಮೆಯವು. ಹಾಗೊಂದು ರಾಜ್ಯ ನಿಂತಿದ್ದರೆ ರಬಕವಿಯ ಕನ್ನಡಿಗರು ಅಲ್ಪಸಂಖ್ಯಾತರಾಗುತ್ತಿದ್ದರು. ಯೋಜನೆ ಮುರಿದುಬಿತ್ತು, ಜಮಖಂಡಿ, ಮುಧೋಳಗಳಂತೂ ಆ ಎಂಟರಲ್ಲಿ ಇರಲೇ ಇಲ್ಲ.

ಜಮಖಂಡಿಯ ಕೊನೆಯ ಅರಸರು ಶಂಕರರಾವ್ ಪಟವರ್ಧನರು. ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ವಕೀಲ ಬಿ. ಡಿ. ಜತ್ತಿಯವರು ಜಮಖಂಡಿ ಪುರಸಭೆಯಿಂದ ಮೇಲೇರಿ ಸಂಸ್ಥಾನದ ಮಂತ್ರಿಯಾಗಿ, 1948ರಲ್ಲಿ ದಿವಾನರಾದರು. ಆ ವರ್ಷ ಮಾರ್ಚ್ 8ರಂದು ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ಮುಧೋಳವೂ ಅದೇ ದಿನ ಸೇರಿತು. ಕುರ್ಚಿಯೊಡನೆ ಸಂಸ್ಥಾನವೂ ಹೋದ ಮೇಲೆ ಜತ್ತಿಯವರು ಮತ್ತೆ ವಕೀಲಿಗೆ ಕೂತರು. ಮುಂದೆ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬೈ ಶಾಸನಸಭೆಗೆ ನಾಮನಿರ್ದೇಶನಗೊಂಡ ಅವರೇ 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದದ್ದು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದದ್ದು.

ಮುಂಬೈ ಈ ಸೀಮೆಗೆ ನಡುದಾರಿಯ ತಂಗುದಾಣವಷ್ಟೇ. ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ, ವಿಲೀನದ ನಂತರ ಈ ಸೀಮೆ ಸೇರಿದ್ದ ವಿಜಾಪುರ ಜಿಲ್ಲೆಯನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಜಮಖಂಡಿ, ಮುಧೋಳ ತಾಲೂಕುಗಳೂ ಆ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದವು. ಈ ಭಾಗ 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿತು.

ನೆಲ ಹೋದರೂ ದೇಶದ ಮಾಜಿ ಅರಸರಿಗೆ ಸಂವಿಧಾನ ಕೊಟ್ಟ ಅರಸರೆಂಬ ಮಾನ್ಯತೆ, ರಾಜಧನವೆಂಬ ಸರಕಾರಿ ಭತ್ಯೆ ಉಳಿದಿದ್ದವು. ರಾಜಧನ ರದ್ದತಿಯ ತಿದ್ದುಪಡಿಗೆ 1970ರ ಸೆಪ್ಟೆಂಬರ್‌ನಲ್ಲಿ ಲೋಕಸಭೆ ಒಪ್ಪಿದರೂ ರಾಜ್ಯಸಭೆಯಲ್ಲಿ ಪರವಾಗಿ 149, ವಿರುದ್ಧವಾಗಿ 75 ಮತ ಬಿದ್ದು, ಮೂರನೇ ಎರಡರಷ್ಟು ಬಹುಮತಕ್ಕೆ ಒಂದು ಮತಕ್ಕಿಂತಲೂ ಕಡಿಮೆ ಅಂತರದಲ್ಲಿ ಅದು ಸೋತಿತು. ಆಮೇಲೆ ರಾಷ್ಟ್ರಪತಿಯ ಆಜ್ಞೆಯಿಂದ ಮಾನ್ಯತೆ ಹಿಂತೆಗೆದುಕೊಂಡದ್ದನ್ನು ಸುಪ್ರೀಂ ಕೋರ್ಟು ಅದೇ ವರ್ಷದ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಕಡೆಗೆ 1971ರ 26ನೆಯ ತಿದ್ದುಪಡಿ ಮಾನ್ಯತೆ, ರಾಜಧನ ಎರಡನ್ನೂ ರದ್ದುಗೊಳಿಸಿತು.